ಎದುರಿಗೆ ಹೊಗಳಬಾರದು

ಹಾಳೆ ಹರಿದ ಸದ್ದು ಮೂರನೇ ಸಲ ಕೇಳಿದಾಗ ಪಂಚಾಕ್ಷರಯ್ಯ ಗೆಡ್ಡೆಯ ಮೇಲಿಟ್ಟಿದ್ದ ಚಾಕುವನ್ನು ಹಾಗೇ ತಡೆದರು. ಪಡಸಾಲೆಯ ಉದ್ದಕ್ಕೂ ಗೋಣಿತಾಟು ಹಾಸಿ ಬಿತ್ತನೆ ಆಲೂಗೆಡ್ಡೆ ಸುರಿದಿತ್ತು. ಎರಡು ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಮಗ ರುದ್ರೇಶನೂ ಸೊಸೆಯೂ ಹೊಲದಲ್ಲಿ ಸಾಲು ಹೊಡೆಸುತ್ತಿದ್ದರು. ಮನೆಯಲ್ಲಿದ್ದವರದು ಗೆಡ್ಡೆ ಕೊಯ್ಯುವ ಕೆಲಸ. ಒಂದೊಂದು ಹೋಳಿಗೂ ಎರಡು ಕಣ್ಣಾದರೂ ಇರಬೇಕು, ಮೊಳಕೆ ಬರುವುದು ಅಲ್ಲಿಂದಲೇ.

"ಅದೇನ್ ಬರೀತಾಳೋ, ಅದೇನ್ ಅರ್ದಾಕ್ತಾಳೋ, ಶಿವ್ನೇ ಬಲ್ಲ," ಅಂದರು ಹೆಂಡತಿ ನೀಲಾಂಬಿಕೆ, ಮೊಮ್ಮಗಳ ಕೋಣೆಯ ಕಡೆ ಕತ್ತು ತಿರುಗಿಸಿ. "ಓಗಿ ನೋಡಿ ಅತ್ಲಾಗೆ."

"ನಾನು ಓಗಿ ನಿಂತ್ರೆ ಇನ್ನೂ ನಾಕು ಅರ್ದಾಕ್ತಾಳೆ. ಸುಮ್ಕಿರು."

ಮುಯ್ಯಾಳಾಗಿ ಬಂದಿದ್ದ ಪಕ್ಕದ ಮನೆಯ ಚಿಕ್ಕಯ್ಯ ನಕ್ಕ. ಇವತ್ತು ಇವನು ಇವರಿಗೆ ಕೊಯ್ದರೆ ನಾಡಿದ್ದು ಇವರು ಅವನಿಗೆ ಕೊಯ್ಯಬೇಕು. "ಯಾರ ಮೊಮ್ಮಗಳು ಏಳು? ನಾನು ಕೊಯ್ದ ಓಳೆಲ್ಲಾನೂ ಇವ್ನು ತಿರುಗ್ಸಿ ತಿರುಗ್ಸಿ ನೋಡ್ತಾ ಕೂತವ್ನೆ. ಲೇ ಪಂಚಾಕ್ಷರಿ, ಗೆಡ್ಡೆಗೇನು ಎಣ್ಣು ನೋಡೋಕೆ ಬಂದಿದ್ದೀಯೇನ್ಲಾ?"

ಕೋಣೆಯಲ್ಲಿದ್ದವಳು ತೇಜಶ್ರೀ. ಹಾಸನದ ಕಾಲೇಜಿನಲ್ಲಿ ಬೇಸಾಯದ ಪದವಿ ಓದುತ್ತಿದ್ದಳು, ಕೊನೆಯ ವರ್ಷ. ಮೂರು ತಿಂಗಳು ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ರೈತರ ಜೊತೆ ಇದ್ದು ಕಲಿತದ್ದನ್ನೆಲ್ಲ ಕೈಬರಹದಲ್ಲೇ ಬರೆದು ರೆಕಾರ್ಡು ಒಪ್ಪಿಸಬೇಕಿತ್ತು. ನೂರು ಪುಟ. ಶುಕ್ರವಾರ ನಾಲ್ಕು ಗಂಟೆಯೊಳಗೆ ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇವತ್ತು ಬುಧವಾರ.

ಹೋದ ವರ್ಷವೂ ಹೀಗೇ ಒಂದು ರೆಕಾರ್ಡು ಕೊಡದೆ ಒಂದು ವಿಷಯ ಬಿಟ್ಟುಹೋಗಿತ್ತು. ಜ್ವರ ಬಂದಿತ್ತು ಅಂದಿದ್ದಳು. ಕಾಲೇಜಿನಿಂದ ಮೇಡಂ ಒಬ್ಬರು ರುದ್ರೇಶನಿಗೆ ಫೋನು ಮಾಡಿದಾಗಲೇ ಗೊತ್ತಾದದ್ದು, ಜ್ವರವೂ ಇಲ್ಲ ಏನೂ ಇಲ್ಲ, ಬರೆದದ್ದನ್ನು ಎಂಟು ಸಲ ಹರಿದು ಬರೆದಿದ್ದಳು, ಎಂಟನೆಯದೂ ಸರಿಯಿಲ್ಲವೆಂದು ಕೊಡದೆ ಹಾಸ್ಟೆಲಿನಲ್ಲಿ ಕದ ಹಾಕಿಕೊಂಡು ಕೂತಿದ್ದಳು. "ಸೋಮಾರಿ ಅಲ್ಲ ನಿಮ್ಮ ಹುಡುಗಿ. ತಪ್ಪಾಗಬಾರದು ಅನ್ನೋ ಭಯ," ಅಂದಿದ್ದರಂತೆ ಮೇಡಂ. ಇನ್ನೊಂದು ಸಲ ಹಾಗಾದರೆ ಓದನ್ನೇ ಬಿಟ್ಟುಬಿಡುತ್ತೇನೆ ಎಂದು ತೇಜಶ್ರೀ ಅಮ್ಮನ ಹತ್ತಿರ ಹೇಳಿದ್ದು ಪಂಚಾಕ್ಷರಯ್ಯನವರ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಹೊಳೆನರಸೀಪುರದ ಗೆಳತಿ ಶಾಂತಿ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ತಪ್ಪಿಗೆ ಹೆದರುವ ಮಕ್ಕಳಿಗೆಂದೇ ಮಾಡಿದ್ದಂತೆ, ಕನ್ನಡದಲ್ಲೂ ಇತ್ತು. ದಿನಕ್ಕೊಂದು ಸಣ್ಣ ಪಾಠ. ಬೆಳಗ್ಗೆ ಎಂಟಕ್ಕೆ ಅದು ಟಿಣ್ ಅಂದರೆ ನೀಲಾಂಬಿಕೆಯ ಮುಖ ಗಂಟಾಗುತ್ತಿತ್ತು.

"ಯಾವನೇ ಅವ್ನು, ದಿನಾ ಇದೇ ಒತ್ಗೆ ಕರೆಯೋನು?"

"ಅಜ್ಜೀ, ಅದು ಮನುಷ್ಯ ಅಲ್ಲ. ಆ್ಯಪು."

"ಎಸ್ರು ಏನಾರಾ ಆಗ್ಲಿ. ಯಾವೂರೋನು ಕೇಳು."

ಮೊನ್ನೆ ಬಂದ ಪಾಠ, ಒಂದು ಕೆಲಸವನ್ನು ಬೇಕೆಂದೇ ಸೊಟ್ಟಗೆ ಮಾಡಿ, ಸರಿಪಡಿಸದೆ ಬಿಟ್ಟುಬಿಡಿ ಎಂದಿತ್ತು. ತೇಜಶ್ರೀ ಅಕ್ಕಿರೊಟ್ಟಿಯನ್ನು ಸೊಟ್ಟಗೆ ತಟ್ಟಿ ಆಚೆ ತಿರುಗುವಷ್ಟರಲ್ಲಿ ನೀಲಾಂಬಿಕೆ ಅದನ್ನು ದುಂಡಗೆ ಮಾಡಿದ್ದರು. ಇನ್ನೊಂದು ತಟ್ಟಿದರೆ ಅದನ್ನೂ ಮಾಡಿದರು. ಮೂರನೆಯದಕ್ಕೆ ಹುಡುಗಿ ಕೈ ಅಡ್ಡ ಹಿಡಿದಳು.

"ಮುಟ್ಬೇಡ ಅಜ್ಜಿ! ನಂಗೆ ಹೋಮ್‌ವರ್ಕ್ ಇದು."

"ಸೊಟ್ಟ ರೊಟ್ಟಿ ತಟ್ಟು ಅಂತ ಏಳ್ಕೊಡ್ತದೇನೇ ಅದು? ನಾಳೆ ಕೊಟ್ಟ ಮನೇಲಿ ಏನಂತಾರೆ?"

"ಏನಂತಾರೆ, ತಿಂತಾರೆ."

ಆ ರೊಟ್ಟಿ ಚಿಕ್ಕಯ್ಯನ ಪಾಲಿಗೆ ಬಂದಿತ್ತು. "ಒಟ್ಟೆ ಒಳಗೆ ಓದ್ಮೇಲೆ ಎಲ್ಲಾ ಒಂದೇ ಆಕಾರ ಬುಡವ್ವ," ಎಂದು ಚಟ್ನಿ ಹಚ್ಚಿಕೊಂಡು ತಿಂದಿದ್ದ. ಎಷ್ಟೋ ದಿನಗಳ ಮೇಲೆ ಹುಡುಗಿ ಬಾಯ್ತುಂಬ ನಕ್ಕದ್ದನ್ನು ಪಂಚಾಕ್ಷರಯ್ಯ ಕಂಡದ್ದು ಅವತ್ತೇ. ಆ ಆ್ಯಪಿನ ಮೇಲೆ ಅವರಿಗೆ ಒಂದು ಬಗೆಯ ಗೌರವ ಹುಟ್ಟಿತ್ತು.

ಬುಧವಾರ ಸಂಜೆಯ ಹೊತ್ತಿಗೆ ಬರೆದದ್ದರಲ್ಲಿ ಎಪ್ಪತ್ತೊಂದು ಪುಟ ಹರಿಯದೆ ಉಳಿದುಕೊಂಡಿದ್ದವು. ಕಾಲು ಗಂಟೆ ತಿರುಗಿ ನೋಡದೆ ಬರೆ, ಗಂಟೆ ಹೊಡೆದಾಗ ಪೆನ್ನು ಕೆಳಗಿಡು, ಎದ್ದು ಒಂದು ಸುತ್ತು ಓಡಾಡು ಎಂದು ಆ್ಯಪು ಹೇಳಿತ್ತಂತೆ. ಗಂಟೆ ಹೊಡೆದಾಗೆಲ್ಲ ಅವಳು ಪಡಸಾಲೆಗೆ ಬಂದು ನಾಲ್ಕು ಗೆಡ್ಡೆ ಕೊಯ್ದು ಹೋಗುತ್ತಿದ್ದಳು.

ಗುರುವಾರ ಬೆಳಗ್ಗೆ ಅವಳು ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಳು. ಕಿಟಕಿಯಲ್ಲಿಟ್ಟಿದ್ದ ಮೊಬೈಲು ಬಡಿದುಕೊಂಡಿತು. ಹೊಲದಿಂದ ರುದ್ರೇಶನಿರಬೇಕೆಂದು ಪಂಚಾಕ್ಷರಯ್ಯ ಕೈಯ ಮಣ್ಣು ಒರೆಸಿಕೊಂಡು ಎತ್ತಿಕೊಂಡರು. ಎಲ್ಲಿ ಒತ್ತುವುದೆಂದು ನೋಡುವಷ್ಟರಲ್ಲಿ ಅದು ನಿಂತುಹೋಯಿತು. ಮೊಬೈಲಿನ ಮುಖದ ಮೇಲೆ ಆ ಆ್ಯಪಿನ ಕನ್ನಡ ಅಕ್ಷರಗಳು ಹಾಗೇ ಬೆಳಗುತ್ತಿದ್ದವು. ಅವರು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕಂಡರೆ ಕೂಡಿಸಿ ಓದದೆ ಬಿಡುವ ಜೀವವಲ್ಲ.

'ತಪ್ಪಾದಾಗ ನಿಮ್ಮ ಕಿವಿಯಲ್ಲಿ ಕೇಳುವ ಮಾತು ಯಾವುದು?' ಎಂದಿತ್ತು. ಅದರ ಕೆಳಗೆ ಮೊಮ್ಮಗಳು ಬರೆದಿದ್ದಳು: 'ಇನ್ನೆರಡು ಯಾರಿಗೆ ಕೊಟ್ಟು ಬಂದೆ?'

'ಅದು ಯಾರ ದನಿ?'

'ತಾತ.'

'ಹಾಗೆ ಹೇಳಿದಾಗ ಅವರ ಮನಸ್ಸಿನಲ್ಲಿ ಏನಿತ್ತು? ಅವರನ್ನೇ ಕೇಳಬಹುದೇ?' ಅದರ ಕೆಳಗಿನ ಜಾಗ ಖಾಲಿ ಇತ್ತು.

ಪಂಚಾಕ್ಷರಯ್ಯ ಮೊಬೈಲು ಹಿಡಿದೇ ಕಿಟಕಿಯ ಕೆಳಗೆ ಕುಳಿತರು. ನೆನಪಾಗಲು ಹೊತ್ತು ಬೇಕಾಗಲಿಲ್ಲ. ಆರನೇ ಕ್ಲಾಸು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದಿದೆಯೆಂದು ಇಸ್ಕೂಲಿನಿಂದ ಒಂದೇ ಉಸಿರಿಗೆ ಓಡಿಬಂದಿದ್ದಳು. ಜಡೆಯ ರಿಬ್ಬನ್ನು ಒಂದು ಬಿಚ್ಚಿಹೋಗಿತ್ತು. ಜಗಲಿಯ ಮೇಲೆ ಚಿಕ್ಕಯ್ಯನ ಜೊತೆ ಕೂತಿದ್ದ ಅವರು ನಕ್ಕು ಅಂದದ್ದು ಅದೊಂದೇ ಮಾತು.

ಅವರ ಮನೆಯಲ್ಲಿ ಯಾರೂ ಮಕ್ಕಳನ್ನು ಎದುರಿಗೆ ಹೊಗಳಿದವರಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ. ಚೆಂದದ ಮಗುವಿಗೆ ಕೆನ್ನೆಯಲ್ಲೊಂದು ಕಪ್ಪು ಬೊಟ್ಟಿಡುವ ಹಾಗೆ, ಒಳ್ಳೆಯದು ಮಾಡಿದ ಮಗುವಿಗೆ ಒಂದು ಕೊಂಕು ಮಾತು. ಅವರ ಅಪ್ಪನೂ ಅಷ್ಟೆ. ಹದಿನಾಲ್ಕರಲ್ಲಿ ಮೊದಲ ಸಲ ಇಡೀ ಹೊಲ ಉತ್ತು ನಿಂತಾಗ, "ಆ ಮೂಲೇಲಿ ಎಮ್ಮೆ ಒದ್ದಾಡ್ದಂಗದೆ," ಅಂದು ಹೋಗಿದ್ದರು. ಆ ಮೂಲೆ ಪಂಚಾಕ್ಷರಯ್ಯನವರನ್ನು ಬಹಳ ವರ್ಷ ಬಿಡಲಿಲ್ಲ. ಅಪ್ಪ ತೀರಿಕೊಂಡ ಹನ್ನೊಂದನೇ ದಿನ ಮೊಸಳೆ ಎಂಬ ಊರಿನಿಂದ ಬಂದಿದ್ದ ನೆಂಟ ರುದ್ರಯ್ಯ ಊಟದೆಲೆಯ ಮುಂದೆ ಹೇಳಿದ್ದ: ಅವತ್ತೇ ನಿಮ್ಮಪ್ಪ ಹಾಸನದ ಸಂತೆಗೆ ಬಂದು, ಸಿಕ್ಕ ಸಿಕ್ಕವರಿಗೆಲ್ಲ ನನ್ನ ಮಗ ಹಗ್ಗ ಹಿಡಿದ ಹಾಗೆ ಉಳುತ್ತಾನೆ ಅಂದಿದ್ದರು. ಕೇಳಿದಾಗ ಪಂಚಾಕ್ಷರಯ್ಯನವರಿಗೆ ನಲವತ್ತು ತುಂಬಿತ್ತು. ಕೇಳಿಯೂ ತಾವು ಕಲಿಯಲಿಲ್ಲವಲ್ಲ ಎಂದು ಈಗ ಅನ್ನಿಸಿತು.

ತಲೆಗೆ ಟವೆಲು ಸುತ್ತಿಕೊಂಡು ತೇಜಶ್ರೀ ಬಂದಾಗ ಅವರು ಮೊಬೈಲನ್ನು ಬಿಸಿ ಲೋಟದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು.

"ಮಗಾ, ನಿಮ್ಮಪ್ಪ ಫೋನ್ ಮಾಡ್ದ ಅಂತ ತಕ್ಕಂಡೆ. ಇದ್ರೊಳಗಿರೋದ್ನ ಓದ್ಬುಟ್ಟೆ. ತೆಪ್ಪಾಯ್ತು."

ಹುಡುಗಿಯ ಮುಖ ಬಿಳಿಚಿತು. "ಅಯ್ಯೋ ತಾತ, ಅದು ಸುಮ್ನೆ ಬರ್ದಿದ್ದು... ನೀನೇನೂ..."

"ಸುಮ್ನೆ ಅಲ್ಲ. ಅಂದಿದ್ದು ನಾನೇಯ. ಕೆಳಗಡೆ ಒಂದು ಪ್ರಶ್ನೆ ಬುಟ್ಟಿದ್ದೀಯಲ್ಲ, ಉತ್ರ ಬರ್ದಿಲ್ವಲ್ಲ. ಯಾಕೆ?"

"ಹೆಂಗೆ ಕೇಳ್ಲಿ?"

"ಬಾಯಲ್ಲೇ ಕೇಳು. ಇಲ್ಲೇ ಕೂತಿವ್ನಲ್ಲ."

ನೀಲಾಂಬಿಕೆ, ಚಿಕ್ಕಯ್ಯ ಇಬ್ಬರೂ ಚಾಕು ನಿಲ್ಲಿಸಿದ್ದರು. ತೇಜಶ್ರೀ ಗೆಡ್ಡೆಯ ರಾಶಿಯ ಈಚೆ ಕುಕ್ಕುರುಗಾಲಲ್ಲಿ ಕುಳಿತಳು. ಒದ್ದೆ ಕೂದಲಿನಿಂದ ಒಂದೆರಡು ಹನಿ ಗೋಣಿಯ ಮೇಲೆ ಬಿದ್ದವು.

"ಆವತ್ತು ನಿನ್ ಮನಸ್ನಲ್ಲಿ ಏನಿತ್ತು ತಾತ?"

ಪಂಚಾಕ್ಷರಯ್ಯ ಕೈಯಲ್ಲಿದ್ದ ಮೊಬೈಲನ್ನು ಗೋಣಿಯ ಮೇಲಿಟ್ಟರು. ಎಪ್ಪತ್ತಾರು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ಕುಸಿ ಕಣವ್ವ," ಅಂದರು ಕೊನೆಗೆ. "ಬರೀ ಕುಸಿ. ಇನ್ನೇನೂ ಇರ್ಲಿಲ್ಲ."

"ನಂಗೆ ನೀನು ಬೇಜಾರಾಗಿದ್ದೀಯ ಅಂತ..."

"ಬೇಜಾರಾ!" ಚಿಕ್ಕಯ್ಯನಿಗೆ ತಡೆಯಲಾಗಲಿಲ್ಲ. "ಏ ತೇಜವ್ವ, ನೀನು ಅತ್ಲಾಗೆ ಒಳೀಕೆ ಓದೆ. ಈವಯ್ಯ ಇತ್ಲಾಗೆ ಸಕ್ಕರೆ ಡಬ್ಬ ಎತ್ಕಂಡು ಬೀದಿಗೆ ಇಳ್ದ. ದೇವಸ್ಥಾನದ ತಾವ ಇದ್ದೋರ್ಗೆ, ಬಸ್ಸಿಗೆ ಕಾಯ್ತಿದ್ದೋರ್ಗೆ, ಎಲ್ಲಾರ್ಗೂ ಒಂದೊಂದು ಇಡಿ. ನಂಗೆ ಎರಡು ಇಡಿ ಕೊಟ್ಟು, ಮಗೀಗೆ ಏಳ್ಬೇಡ ಕಣ್ಲಾ ಅಂದ."

"ಮೂರು ದಿನ ಬೆಲ್ಲದ ಕಾಪಿ ಕುಡುದ್ವಿ," ಅಂದರು ನೀಲಾಂಬಿಕೆ. "ಸಕ್ಕರೆ ಎಲ್ಲಿ ಅಂದ್ರೆ ಇರುವೆ ತಿಂತು ಅಂದ್ರು."

ತೇಜಶ್ರೀ ಒಬ್ಬೊಬ್ಬರ ಮುಖವನ್ನೇ ನೋಡಿದಳು. ನಗು ಬಂದ ಹಾಗಾಗಿ ತುಟಿ ಸೊಟ್ಟಗಾಯಿತು. ಟವೆಲಿನ ತುದಿ ಎಳೆದು ಕಣ್ಣಿಗೆ ಒತ್ತಿಕೊಂಡಳು.

"ಹೇಳ್ಬಾರ್ದಿತ್ತಾ ತಾತ? ಒಂದ್ಸಲ?"

"ಏಳ್ಬೇಕಿತ್ತು. ದೃಷ್ಟಿ ಆಯ್ತದೆ ಅಂತ ಎದ್ರುಕಂಡೆ. ಈಗ ಏಳ್ತೀನಿ ಕೇಳು. ಆದ್ರೆ ಆಗ್ಲಿ, ನಿಮ್ಮಜ್ಜಿ ತೆಗೀತಾಳೆ." ಅವರು ಮೊಮ್ಮಗಳ ಕಡೆಗೆ ಸರಿದು ಕೂತರು. "ನೀನು ಚೆನ್ನಾಗಿ ಓದ್ತೀಯ. ಚೆನ್ನಾಗಿ ಬರೀತೀಯ. ನಮ್ಮನೇಲಿ ಉಟ್ಟಿದ್ದು ನಮ್ ಪುಣ್ಯ. ಕೊಟ್ರೂ ಅಷ್ಟೆ, ಕೊಡ್ದಿದ್ರೂ ಅಷ್ಟೆ ಆ ರೆಕಾರ್ಡ. ಅದುಕ್ಕೂ ಇದುಕ್ಕೂ ಸಮ್ಮಂದ ಇಲ್ಲ."

ಅಷ್ಟು ಹೇಳುವಷ್ಟರಲ್ಲಿ ಅವರ ಹಣೆ ಬೆವರಿತ್ತು. ನೀಲಾಂಬಿಕೆ ಆಗಲೇ ಎದ್ದು ಒಣಮೆಣಸಿನಕಾಯಿ, ಉಪ್ಪು ತರಲು ಅಡುಗೆಮನೆಗೆ ನಡೆದಿದ್ದರು.

ನಿವಾಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದರು. ಘಾಟು ಹತ್ತಿತು, ದೃಷ್ಟಿ ಆಗಿರಲಿಲ್ಲ ಎಂದು ನೀಲಾಂಬಿಕೆಗೆ ಸಮಾಧಾನ. ತೇಜಶ್ರೀ ಮೊಬೈಲಿನ ಆ ಖಾಲಿ ಜಾಗದಲ್ಲಿ ಏನೋ ಬರೆದಳು. ಏನೆಂದು ಪಂಚಾಕ್ಷರಯ್ಯ ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಅವರು ಬಿಳಿ ಪಂಚೆ ಉಟ್ಟು ಕೋಣೆಯ ಬಾಗಿಲಿಗೆ ಬಂದಾಗ ತೇಜಶ್ರೀ ಕೊನೆಯ ಪುಟಗಳನ್ನು ಜೋಡಿಸುತ್ತಿದ್ದಳು. ಹಾಗೆ ಜೋಡಿಸುತ್ತಿದ್ದವಳ ಕೈ ತೊಂಬತ್ತಮೂರನೇ ಪುಟದಲ್ಲಿ ನಿಂತಿತು. ಹಳ್ಳಿಯಲ್ಲಿ ಮಾತಾಡಿಸಿದ ರೈತರು ಇಪ್ಪತ್ತನಾಲ್ಕು; ಅಲ್ಲಿ ನಲವತ್ತೆರಡು ಎಂದು ಬಿದ್ದಿತ್ತು. ಪುಟದ ತುಂಬ ಅಚ್ಚಿನಂಥ ಅಕ್ಷರ, ಮಧ್ಯೆ ಅದೊಂದು. ಅವಳ ಬೆರಳು ಹಾಳೆಯ ಮೇಲ್ತುದಿಗೆ ಹೋಯಿತು. ಅಲ್ಲೇ ಹಿಡಿದುಕೊಂಡಿತು.

ಹರಿಯಬೇಡ ಎಂಬ ಮಾತು ಪಂಚಾಕ್ಷರಯ್ಯನವರ ನಾಲಿಗೆಯ ತುದಿಯವರೆಗೆ ಬಂತು. ಹಲ್ಲು ಕಚ್ಚಿ ನಿಂತರು. ಈ ಪುಟ ಹರಿದರೆ ಅದರ ಹಿಂದಿನದು ಸರಿಯಿಲ್ಲ ಅನ್ನಿಸುತ್ತದೆ, ಅದರ ಹಿಂದಿನದೂ. ಹತ್ತೂವರೆ ಬಸ್ಸು ಹೋಗುತ್ತದೆ. ಆದರೆ ಆ ಬೆರಳು ಅವಳದು.

ತೇಜಶ್ರೀ ಕಣ್ಣು ಮುಚ್ಚಿ ಬಾಯಲ್ಲಿ ಏನೋ ಎಣಿಸಿದಳು. ಸ್ಕೇಲು ಎಳೆದುಕೊಂಡು ಆ ಅಂಕಿಯ ಮೇಲೆ ಒಂದು ಗೆರೆ ಹೊಡೆದಳು. ಮೇಲೆ ಇಪ್ಪತ್ತನಾಲ್ಕು ಎಂದು ಬರೆದಳು. ಎರಡು ನಿಮಿಷ ಅದನ್ನೇ ನೋಡುತ್ತ ಕೂತಿದ್ದು, ಪುಟವನ್ನು ಉಳಿದವುಗಳ ನಡುವೆ ಸೇರಿಸಿ ದಾರ ಕಟ್ಟಿದಳು.

"ನಡಿ ತಾತ. ಬೇಗ. ಇಲ್ಲಾಂದ್ರೆ ಬಿಚ್ಚಿಬಿಡ್ತೀನಿ."

ಹಾಸನದಲ್ಲಿ ಅವರು ಕಾಲೇಜಿನ ಗೇಟಿನ ಹೊರಗೆ ಹೊಂಗೆಯ ನೆರಳಲ್ಲಿ ಕೂತರು. ಅವಳು ಕಟ್ಟನ್ನು ಎದೆಗವುಚಿಕೊಂಡು ಒಳಗೆ ಹೋದಳು. ಪಂಚಾಕ್ಷರಯ್ಯ ಜೇಬಿನಲ್ಲಿದ್ದ ಅಡಕೆಯನ್ನೂ ಬಾಯಿಗೆ ಹಾಕಲಿಲ್ಲ. ಗೇಟನ್ನೇ ನೋಡುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಬಂದಳು. ಕೈ ಖಾಲಿ.

"ಕೊಟ್ಯಾ?"

"ಕೊಟ್ಟೆ."

"ಏನಂದ್ರು?"

"'ಅಲ್ಲಿಡಮ್ಮ' ಅಂದ್ರು. ಟೇಬಲ್ ಮೇಲೆ ಒಂದು ರಾಶಿ ಇತ್ತು. ಇಟ್ಟೆ."

"ಅಷ್ಟೇಯಾ?"

"ಅಷ್ಟೇ ತಾತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಅವಳು. ಗೇಟಿನ ಕಾವಲಿನವನು ತಿರುಗಿ ನೋಡುವಷ್ಟು ನಕ್ಕರು.

ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತ ಪಂಚಾಕ್ಷರಯ್ಯ ಕೇಳಿದರು, "ಆ ಆ್ಯಪ್ ಮಾಡ್ದೋರು ಯಾವೂರೋರವ್ವ?"

"ಗೊತ್ತಿಲ್ಲ ತಾತ. ಯಾರೋ ಡಾಕ್ಟ್ರುಗಳು, ಓದಿರೋರು ಸೇರ್ಕೊಂಡು ಮಾಡಿರ್ತಾರೆ."

"ವಿಳಾಸ ಇದ್ದಿದ್ರೆ ಒಂದು ಮೂಟೆ ಆಲೂಗೆಡ್ಡೆ ಕಳುಸ್ಬೋದಿತ್ತು. ನಮ್ಮ ಮುಖ ಕಾಣ್ದೋರು. ನಮ್ಮನೆ ಮಗೀನ ಕೈ ಹಿಡುದ್ರು ನೋಡು. ಒಟ್ಟೆ ತಣ್ಣಗಿರ್ಲಿ ಅವ್ರುದು." ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತರು. "ಆ ಶಾಂತಿಗಾದ್ರೂ ಕೊಡ್ಬೇಕು. ಒಳೆನರಸೀಪುರ ದೂರ ಏನಲ್ಲ."

ಅರಸೀಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟುವ ಮೊದಲೇ ತೇಜಶ್ರೀಗೆ ನಿದ್ದೆ ಹತ್ತಿತು. ಎಷ್ಟು ದಿನದ ನಿದ್ದೆಯೋ, ತಲೆ ಅವರ ಹೆಗಲಿಗೆ ಒರಗಿ ಭಾರವಾಯಿತು. ರಸ್ತೆಯ ಹಳ್ಳಕ್ಕೆ ಬಸ್ಸು ಕುಲುಕಿದಾಗಲೂ ಎಚ್ಚರಾಗಲಿಲ್ಲ. ತೋರುಬೆರಳಿನಲ್ಲಿ ಇಂಕು ಹಾಗೇ ಇತ್ತು.

"ಕೊರವಂಗಲ ಗೇಟ್! ಯಾರ್ರೀ ಇಳಿಯೋರು?" ಕಂಡಕ್ಟರ್ ಕೂಗಿ ಇವರ ಕಡೆ ನೋಡಿದ. "ಯಜಮಾನ್ರೇ, ನಿಮ್ಮೂರು ಬಂತು."

ಪಂಚಾಕ್ಷರಯ್ಯ ಅಲುಗದೆ, ತುಟಿಯ ಮೇಲೆ ಬೆರಳಿಟ್ಟರು. "ಮೆತ್ತಗೆ ಸಾ," ಅಂದರು ಪಿಸುದನಿಯಲ್ಲಿ. "ಮುಂದ್ಲೂರು ದುದ್ದಕ್ಕೆ ಟಿಕೆಟ್ ಕೊಡಿ. ಅಲ್ಲಿಂದ ತಿರ್ಗಿ ಬತ್ತೀವಿ."

ಕಂಡಕ್ಟರ್ ಮಲಗಿದ್ದವಳನ್ನು ನೋಡಿದ. ಸೀಟಿ ಊದಲಿಲ್ಲ, ಬಸ್ಸಿನ ತಗಡನ್ನು ಅಂಗೈಯಲ್ಲಿ ಎರಡು ಸಲ ಮೆಲ್ಲಗೆ ತಟ್ಟಿದ. ಬಸ್ಸು ಗೇಟು ದಾಟಿ ಮುಂದೆ ಹೋಯಿತು.