ಹೊಸ್ತಿಲ ಪಾಠ

"ಆ ಹುಡುಗಿ ಆ ಮನೆಗೆ ಹೋಗಲೇ ಇಲ್ಲ ಅಂತ ಇಟ್ಕೊಳ್ಳೋಣ," ಎಂದರು ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರು. ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸುವಂಥ ಕೊಳೆಯೇನೂ ಅದರಲ್ಲಿ ಇರಲಿಲ್ಲ. "ಡ್ಯೂಟಿ ತಪ್ಪಿಸಿದಳು, ಮನೆಗೆ ಕಳಿಸಿದ್ವಿ. ಅಲ್ಲಿಗೆ ಮುಗೀತು. ನಿಮ್ಮ ಕೋರ್ಸಿನ ತಂಟೆಗೆ ಯಾರೂ ಬರಲ್ಲ."

ಎದುರಿಗೆ ಕುಳಿತಿದ್ದ ಟೀಚರ್ ಮೇಜಿನ ಗಾಜಿನಡಿ ಸಿಕ್ಕಿಕೊಂಡು ಸತ್ತಿದ್ದ ಇರುವೆಯೊಂದನ್ನು ನೋಡುತ್ತಿದ್ದಳು. "ಹೋಗಿದ್ದೆ ಅಂತ ಅವಳು ಹೇಳ್ತಿದಾಳೆ, ಮೇಡಂ."

"ಹೇಳ್ದೆ ಇರ್ತಾಳಾ? ಬಾಗಿಲವರೆಗೆ ಹೋಗಿ, ಜ್ವರದಲ್ಲಿ ಬೇಯ್ತಿದ್ದ ಬಾಣಂತೀನ ನೋಡದೆ ಬಂದಳು ಅನ್ನೋದಕ್ಕಿಂತ ಹೋಗಲೇ ಇಲ್ಲ ಅನ್ನೋದು ವಾಸಿ. ಅವಳಿಗೂ ವಾಸಿ. ಮನೆಯವರೇ ಯಾರೂ ಬರಲಿಲ್ಲ ಅಂತಿದಾರಲ್ಲ, ನಮಗ್ಯಾಕೆ?"

ಹಿಂದಿನ ವಾರ ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬ ಬಾಣಂತಿ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗರ್ಭಕೋಶಕ್ಕೆ ಸೋಂಕು ತಗುಲಿ, ನಂಜು ರಕ್ತಕ್ಕೇರಿ, ಮತ್ತೆ ಆಸ್ಪತ್ರೆ ಸೇರುವ ಹೊತ್ತಿಗೆ ಕೈಮೀರಿತ್ತು. ಮಗು ಉಳಿದಿತ್ತು. ಆಕೆಯ ಗಂಡ ಕಾಲೇಜಿನ ಗೇಟಿನವರೆಗೆ ಬಂದು, ನಿಮ್ಮ ಹುಡುಗಿಯರು ಓಣಿಯಲ್ಲೆಲ್ಲ ಓಡಾಡುತ್ತಾರೆ, ನಮ್ಮ ಮನೆಯೊಂದನ್ನು ಯಾಕೆ ಬಿಟ್ಟರು ಎಂದು ಕೇಳಿದ್ದ. ಆಮೇಲೆ ಬಿಸಿಲಲ್ಲಿ ಬಹಳ ಹೊತ್ತು ನಿಂತು ಹೋಗಿದ್ದ. ಈಗ ಆರೋಗ್ಯ ಇಲಾಖೆಯಿಂದ ಇಬ್ಬರು ವಿಚಾರಣೆಗೆ ಬರುವವರಿದ್ದರು. ಆ ಓಣಿ ಯಾರ ಪಾಲಿಗೆ ಬಂದಿತ್ತೋ ಆ ಕೊನೆ ವರ್ಷದ ಹುಡುಗಿಯ ಓದು ಇರುತ್ತದೋ ಹೋಗುತ್ತದೋ ಎಂಬುದು ಟೀಚರಿನ ಒಂದು ಮಾತಿನ ಮೇಲೆ ನಿಂತಿತ್ತು.

ಆ ಹುಡುಗಿಗೆ ಹಾಸ್ಟೆಲಿನಲ್ಲಿ ಪಿಸುಮಾತು ಎಂದೇ ಹೆಸರು. ಊಟದ ಸಾಲಿನಲ್ಲಿ ಅವಳು ಇನ್ನಷ್ಟು ಬೇಕು ಎಂದರೆ ಬಡಿಸುವವರು ಬಾಗಿ ಕಿವಿ ಕೊಡಬೇಕಿತ್ತು. ಇಂಥವಳು ನರ್ಸಾಗಿ ಯಾರನ್ನು ಎಬ್ಬಿಸುತ್ತಾಳೆ, ಯಾರನ್ನು ಮಲಗಿಸುತ್ತಾಳೆ ಎಂದು ಗೆಳತಿಯರು ಕಾಲೆಳೆಯುತ್ತಿದ್ದರು. ಟೀಚರಿಗೆ ಮಾತ್ರ ಅವಳೇ ಮಾದರಿ. ತಾನು ಕಟ್ಟಿದ ಕೋರ್ಸಿಗೆ ಹೇಳಿ ಮಾಡಿಸಿದ ಹುಡುಗಿ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಮನೆ ಭೇಟಿಯ ಆ ಕೋರ್ಸು ಟೀಚರಿನದೇ. ಅದಕ್ಕೆ ಮೊದಲು ಊರಿನ ಮನೆಮನೆಗೆ ಹೋಗುತ್ತಿದ್ದುದು ಹಳೆಯ ಕಾಲದ ನರ್ಸುಗಳು. ಅವರಲ್ಲಿ ಹೆಸರಾದವರು ಗುಡುಗು ಸಿಸ್ಟರ್. ಹೇಳದೆ ಕೇಳದೆ ಒಳಗೆ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮಗುವಿನ ಬಟ್ಟೆ ಬಿಚ್ಚಿ, ಅತ್ತೆ ಸೊಸೆ ಇಬ್ಬರನ್ನೂ ಒಂದೇ ಉಸಿರಿಗೆ ಝಾಡಿಸಿ ಹೊರಡುತ್ತಿದ್ದರು. ಅವರ ಬಾಯಿಗೆ ಅಂಜಿ ಹೆಂಗಸರು ಬಸಿರನ್ನೇ ಒಪ್ಪಿಕೊಳ್ಳುತ್ತಿರಲಿಲ್ಲ. ಸುಳ್ಳು ಹೇಳಿ ಉಳಿದುಕೊಂಡವರಲ್ಲಿ ಕೆಲವರು ಹೆರಿಗೆಯಲ್ಲಿ ಉಳಿಯಲಿಲ್ಲ. ಅಂಥ ಸಾವುಗಳನ್ನು ಹತ್ತಿರದಿಂದ ಕಂಡಿದ್ದ ಟೀಚರ್, ಹೊರದೇಶದಲ್ಲಿ ತರಬೇತಿಗೆ ಅವಕಾಶ ಸಿಕ್ಕಾಗ ಹಿಂದೆಮುಂದೆ ನೋಡದೆ ಹೊರಟಿದ್ದಳು.

ಅಲ್ಲಿ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದ ನರ್ಸು ಇಳಿವಯಸ್ಸಿನವಳು, ಬಿಡುಬೀಸಾಗಿ ನಗುವವಳು. ಬಾಗಿಲು ತಟ್ಟಿದ ಮೇಲೆ ಆಕೆ ತುಸು ಹಿಂದೆ ಸರಿದು ನಿಲ್ಲುತ್ತಿದ್ದಳು. ತೆರೆದವರಿಗೆ ಯಾರೋ ಮೈಮೇಲೆ ಬಂದಂತೆ ಆಗಬಾರದು ಎಂದು ಹಾಗೆ. ಒಳಗೆ ಬರಲೇ ಎಂದು ಕೇಳುವಳು. ಬೇಡವೆಂದರೆ ಮುಖ ಸಿಂಡರಿಸದೆ ಫೋನ್ ನಂಬರಿದ್ದ ಒಂದು ಚೀಟಿ ಕೊಟ್ಟು ಹಿಂತಿರುಗುವಳು. ಮನೆ ಅವರದು, ಮೈ ಅವರದು ಎನ್ನುವಳು. ಆ ಮಾತು ಟೀಚರಿನ ಎದೆಗೆ ನೆಟ್ಟುಹೋಗಿತ್ತು.

ಊರಿಗೆ ಮರಳಿ ಬಂದವಳೇ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಚೌಕಟ್ಟು, ಹೊಸ್ತಿಲು, ಚಿಲಕ ಎಲ್ಲ ಇದ್ದ ಒಂದು ಬಾಗಿಲು ಮಾಡಿಸಿದಳು. ಸುತ್ತ ಗೋಡೆಯಿಲ್ಲ. ಬಡಗಿ ಅದನ್ನು ನಿಲ್ಲಿಸಿ, ಮನೆ ಯಾವಾಗ ಕಟ್ಟಿಸ್ತೀರಿ ಮೇಡಂ, ಗೃಹಪ್ರವೇಶಕ್ಕೆ ನನ್ನನ್ನ ಮರೀಬೇಡಿ ಎಂದು ನಗಾಡಿದ್ದ. ಹುಡುಗಿಯರಲ್ಲಿ ಒಬ್ಬಳು ಒಳಗಿನ ಅತ್ತೆಯಾದರೆ ಇನ್ನೊಬ್ಬಳು ಹೊರಗಿನ ನರ್ಸು. ಅತ್ತೆಯ ಪಾತ್ರಕ್ಕೆ ಎಲ್ಲರೂ ಮೇಲೆ ಬಿದ್ದು ಬರುತ್ತಿದ್ದರು. ತಟ್ಟು, ಹಿಂದೆ ಸರಿ, ಯಾರೆಂದು ಹೇಳು, ಕೇಳು. ಬೇಡ ಎಂದರೆ ಚೀಟಿ ಕೊಡು, ಬಾ. ಪರೀಕ್ಷೆಯಲ್ಲಿ ಪಿಸುಮಾತು ಎಷ್ಟು ನಯವಾಗಿ ಹಿಂತಿರುಗಿದ್ದಳೆಂದರೆ ಅತ್ತೆಯಾಗಿದ್ದ ಹುಡುಗಿಯೇ ಪಾತ್ರ ಮರೆತು, ಏ ಬಾರೇ ಒಳಗೆ ಎಂದು ಕರೆದುಬಿಟ್ಟಿದ್ದಳು. ಕೋಣೆಗೆ ಕೋಣೆಯೇ ನಕ್ಕಿತ್ತು.

ವಿಚಾರಣೆಯ ಹಿಂದಿನ ದಿನ ಟೀಚರ್ ಒಬ್ಬಳೇ ಆ ಓಣಿಗೆ ಹೋದಳು. ಬೆಳಗಿನ ಪಾಳಿಗೆ ಗಂಡಸರು ಹೋಗಿಯಾಗಿತ್ತು. ಕೊನೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ತೀರಿಕೊಂಡವಳ ಅತ್ತೆ ಕಾಲು ನೀಡಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದಳು. ಟೀಚರ್ ಯಾರೆಂದು ಹೇಳಿದಳು. ಒಳಗೆ ಬರಲೇ ಎಂದು ಕೇಳಿದಳು.

"ಬೇಡಮ್ಮ. ಮಗು ಈಗ ತಾನೇ ಮಲಗಿದೆ."

ಟೀಚರಿನ ಕಾಲು ತನ್ನಷ್ಟಕ್ಕೆ ತಾನೇ ಹಿಂದೆ ಸರಿಯಿತು. ಅದನ್ನು ಅವಳೇ ಗಮನಿಸಿದಳು. ಆಮೇಲೆ ಕೈಚೀಲವನ್ನು ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಮುದುಕಿ ಮಗುವಿನ ನೆತ್ತಿಯ ಮೇಲೆ ಕೂತ ನೊಣವನ್ನು ಓಡಿಸಿದಳು. ಕೇಳುವ ಮುಂಚೆಯೇ, ಯಾರೂ ಬಂದಿರಲಿಲ್ಲ ಎಂದಳು. ಟೀಚರ್ ತಲೆಯಾಡಿಸಿದಳು. ಮಗು ಹಾಲು ಕುಡಿಯುತ್ತದೆಯೇ, ಭೇದಿ ಏನಾದರೂ ಇದೆಯೇ ಎಂದು ವಿಚಾರಿಸಿದಳು. ಬಾಟಲಿಯನ್ನು ಕುದಿಸಿಯೇ ಬಳಸಬೇಕೆಂದಳು. ಮಾತು ಮುಗಿದರೂ ಏಳಲಿಲ್ಲ. ಬಿಸಿಲು ಅವಳ ಬೆನ್ನಿಗೆ ಏರಿತು.

"ಬಂದಿದ್ಲು," ಎಂದಳು ಮುದುಕಿ ಕೊನೆಗೆ, ಮಗುವಿಗೆ ಹೇಳುವವಳಂತೆ. "ಮೆತ್ತಗೆ ಮಾತಾಡೋ ಹುಡುಗಿ. ಅಮ್ಮಾ, ಒಳಗೆ ಬರಬಹುದಾ ಅಂದ್ಲು. ನಾನು ಹೇಗೆ ಕರೀಲಿ, ನೀನೇ ಹೇಳು. ಮನೆ ಗುಡಿಸಿರಲಿಲ್ಲ. ಬಟ್ಟೆ ನೆನೆಹಾಕಿದ್ದೆ, ಎಲ್ಲ ರಕ್ತ. ಕೋಣೇಲಿ ವಾಸನೆ ಬೇರೆ, ಬಾಗಿಲವರೆಗೂ ಬರೋದು. ಓದಿದ ಹುಡುಗಿ, ಬಿಳೀ ಬಟ್ಟೆ ಹಾಕ್ಕೊಂಡು ನಿಂತಿದಾಳೆ. ಬೇಡ ಅಂದೆ. ಆಯ್ತಮ್ಮ ಅಂತ ಚೀಟಿ ಕೊಟ್ಟು ಹೊರಟೇಬಿಟ್ಲು."

ಆ ವಾಸನೆ ನಂಜಿನದೆಂದು ಟೀಚರಿಗೆ ಗೊತ್ತಿತ್ತು. ಬಾಣಂತಿಯ ಕೋಣೆಗೆ ಕಾಲಿಟ್ಟೊಡನೆ ಮೊದಲು ಮೂಗಿಗೆ ಕೆಲಸ ಕೊಡಿ ಎಂದು ಪಾಠ ಮಾಡಿದವಳೇ ಅವಳು.

"ಬೇಡ ಅಂದ್ರೆ ಹೋಗೇಬಿಡ್ತಾರಾ?" ಮುದುಕಿ ಈಗ ನೇರ ಅವಳ ಮುಖ ನೋಡಿದಳು. "ಇನ್ನೊಂದು ಸಲ ಕೇಳಿದ್ರೆ ಬಾ ಅಂತಿದ್ದೆ. ಹುಡುಗಿ ಹೋದ್ಮೇಲೆ ಸೊಸೆ ಒಳಗಿಂದ ಕೇಳಿದ್ಲು, ಯಾರು ಅತ್ತೆ ಬಂದಿದ್ದು ಅಂತ. ಯಾರಿಲ್ಲ ಮಲಕ್ಕೋ ಅಂದೆ." ಮಗುವಿನ ಬಟ್ಟೆ ಸರಿಪಡಿಸಿ, "ನನ್ನ ಮಗನಿಗೆ ಗೊತ್ತಾಗಬಾರದು ಕಣಮ್ಮ. ಅವನು ನನ್ನ ಕೈಲಿ ಈ ಮಗೂನ ಬಿಡಲ್ಲ," ಎಂದಳು.

ಬಸ್ಸಿನಲ್ಲಿ ಬರುವಾಗ ಟೀಚರಿಗೆ ಆ ಚಳಿಯ ದೇಶದ ಒಂದು ಸಂಜೆ ನೆನಪಾಯಿತು. ಆ ಇಳಿವಯಸ್ಸಿನ ನರ್ಸೂ ಇವಳೂ ದಿನದ ಕೆಲಸ ಮುಗಿಸಿ ಕಾರಿನಲ್ಲಿ ಕುಳಿತಿದ್ದರು. ಇವಳಿಗೆ ಕಾಲು ಮರಗಟ್ಟಿ ಯಾವಾಗ ಕೋಣೆ ಸೇರುವೆನೋ ಎನಿಸಿತ್ತು. ಆಕೆ ಮಾತ್ರ ಗಾಡಿ ಹೊರಡಿಸದೆ ಬೆಳಿಗ್ಗೆ ಬೇಡವೆಂದ ಮನೆಗೆ ಫೋನು ಹಚ್ಚಿ, ಹವೆಯ ಬಗ್ಗೆ ಏನೋ ತಮಾಷೆ ಮಾಡಿ, ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ ಎಂದಿದ್ದಳು. ಮರುದಿನ ಮೊದಲು ಹೋದದ್ದೂ ಅಲ್ಲಿಗೇ. ಇನ್ನೂ ಬೇಡವೆಂದರೆ ಮೂರನೆಯ ದಿನ ಬೇರೊಬ್ಬ ನರ್ಸು ಹೋಗುತ್ತಿದ್ದಳು. ಅದು ಆಕೆಯ ಸ್ವಭಾವ, ಮಾತು ಜಾಸ್ತಿ ಎಂದುಕೊಂಡಿದ್ದಳು ಟೀಚರ್. ಪಾಠದ ಭಾಗ ಅಂದುಕೊಂಡಿರಲಿಲ್ಲ. ಹಿಂದೆ ಸರಿಯುವುದನ್ನು ಕಲಿತು ಬಂದಳು. ಸರಿದವರು ಮತ್ತೆ ಬರುತ್ತಿದ್ದುದು ಕಣ್ಣೆದುರೇ ನಡೆದರೂ ಕಾಣಲಿಲ್ಲ. ಇಲ್ಲಿ ಒಬ್ಬ ಹುಡುಗಿಗೆ ಇಡೀ ಓಣಿ, ಓಣಿಗೆ ವಾರದಲ್ಲಿ ಒಂದು ದಿನ. ಚೀಟಿಯಲ್ಲಿ ಬರೆದ ಕಾಲೇಜಿನ ಫೋನು ಸಂಜೆಯಾದರೆ ಎತ್ತುವವರಿಲ್ಲ.

ಹಾಸ್ಟೆಲಿನಲ್ಲಿ ಪಿಸುಮಾತು ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದಳು. ಮಂಚದ ತುದಿಯಲ್ಲಿ ಕುಳಿತಿದ್ದವಳು ಎದ್ದು ನಿಂತಳು. ಅವಳು ಅತ್ತಿರಲಿಲ್ಲ. ಅದನ್ನು ಕಂಡು ಟೀಚರಿಗೆ ಹೆದರಿಕೆಯಾಯಿತು. ಒಂದೇ ಒಂದು ಮಾತು ಕೇಳುತ್ತೇನೆ ಎಂದಳು ಹುಡುಗಿ. "ನೀವು ಆ ಬಾಗಿಲಲ್ಲಿ ಇದ್ದಿದ್ರೆ ಏನು ಮಾಡ್ತಿದ್ರಿ, ಮೇಡಂ?"

"ನೀನು ಮಾಡಿದ್ದನ್ನೇ," ಎಂದಳು ಟೀಚರ್. ಹುಡುಗಿಯ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ.

ವಿಚಾರಣೆ ನಡೆದದ್ದು ಪ್ರಾಂಶುಪಾಲರ ಕೋಣೆಯಲ್ಲಿ. ಇಲಾಖೆಯ ಇಬ್ಬರೂ ಚಹಾ ಕುಡಿದು ಲೋಟ ಪಕ್ಕಕ್ಕೆ ಸರಿಸಿದರು. ತೀರಿಕೊಂಡವಳ ಗಂಡನನ್ನು ಕರೆಸಿದ್ದರು; ಅವನು ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ, ಗಿರಣಿಯ ಬಟ್ಟೆಯಲ್ಲೇ, ಅಂಗೈಗಳನ್ನು ಮಂಡಿಯ ಮೇಲಿಟ್ಟು ಕುಳಿತಿದ್ದ. ಪ್ರಾಂಶುಪಾಲರು ವಿದ್ಯಾರ್ಥಿನಿಯ ಕರ್ತವ್ಯಲೋಪದ ಬಗ್ಗೆ ಚುಟುಕಾಗಿ ಮಾತಾಡಿ ಟೀಚರಿನ ಕಡೆ ತಿರುಗಿದರು. ಹೂಂ ಎಂದರೆ ಸಾಕಿತ್ತು.

"ಅವಳು ಹೋಗಿದ್ದಳು," ಎಂದಳು ಟೀಚರ್. "ಬಾಗಿಲು ತಟ್ಟಿದಳು, ಒಳಗೆ ಬರಲಾ ಅಂತ ಕೇಳಿದಳು. ಬೇಡ ಅಂದರು, ವಾಪಸ್ ಬಂದಳು. ನಾನು ಹೇಳಿಕೊಟ್ಟಿದ್ದು ಅಷ್ಟೇ. ಅರ್ಧ ಪಾಠ ಕಲಿತು ಬಂದು ಅದನ್ನೇ ಪೂರ್ತಿ ಅಂತ ಕಲಿಸಿದೆ. ಶಿಕ್ಷೆ ಅಂತ ಇದ್ದರೆ ನನಗಿರಲಿ."

ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. ಇಲಾಖೆಯವರಲ್ಲಿ ಒಬ್ಬರು ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದಾಗ ಬೆಂಚಿನಿಂದ ದನಿ ಬಂತು.

"ಬೇಡ ಅಂದಿದ್ದು ಯಾರು?"

ಟೀಚರ್ ಅವನ ಕಡೆ ನೋಡಿದಳು. ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದೂ ಅದಕ್ಕೆ ಉತ್ತರ ತಂದಿರಲಿಲ್ಲ. ಅವನು ಕಾದ. ಅವನ ಮನೆಯಲ್ಲಿ ಹಗಲು ಹೊತ್ತು ಬಾಗಿಲಿಗೆ ಬರಬಲ್ಲವರು ಎಷ್ಟು ಜನ ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಅಂಗೈಗಳು ಮಂಡಿಯಿಂದ ಜಾರಿದವು. ಎದ್ದವನು ಹೊರಗೆ ಹೋದ. ಅವನು ಮನೆಯ ದಿಕ್ಕಿಗೆ ಬೇಗ ಬೇಗ ನಡೆದು ಹೋಗುವುದು ಕಿಟಕಿಯಿಂದ ಕಂಡಿತು.

ಪಿಸುಮಾತಿನ ಓದು ಉಳಿಯಿತು. ಕೋರ್ಸು ಮುಂದಿನ ವರ್ಷದಿಂದ ಇಲ್ಲ ಎಂದಾಯಿತು. ಈ ತಂಡದ ಮನೆ ಭೇಟಿಗಳು ಮುಗಿದ ಮೇಲೆ ಟೀಚರನ್ನು ಉಗ್ರಾಣದ ಕೆಲಸಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಆ ಮಗುವನ್ನು ಅದರ ಅಪ್ಪ ತನ್ನ ಅಕ್ಕನ ಊರಿಗೆ ಕಳಿಸಿದನೆಂದೂ, ಮುದುಕಿ ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ್ದಾಳೆಂದೂ ಸುದ್ದಿ ಬಂತು. ಬೇಡವೆಂದ ಮನೆಗೆ ಮರುದಿನ ಮತ್ತೆ ಹೋಗಿ ಎಂದು ಟೀಚರ್ ಉಳಿದ ತರಗತಿಗಳಲ್ಲಿ ಹೇಳಿದಳು. ಮರುದಿನ ಆಸ್ಪತ್ರೆ ಡ್ಯೂಟಿ ಇರುತ್ತಲ್ಲ ಮೇಡಂ ಎಂದರು ಹುಡುಗಿಯರು. ಪಿಸುಮಾತು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಂಡಳು.

ಕೊನೆಯ ಭೇಟಿಯ ದಿನ ಟೀಚರ್ ಓಣಿಯ ತುದಿಯಲ್ಲಿ, ನಲ್ಲಿಯ ಹತ್ತಿರದ ನೆರಳಿನಲ್ಲಿ ನಿಂತಿದ್ದಳು. ಒಳಗೆಲ್ಲೋ ಬಾಗಿಲಿನ ಮೇಲೆ ಅಂಗೈ ಬಡಿಯುವ ಸದ್ದು ಕೇಳಿತು. ಬಡಿತ ನಿಲ್ಲಲಿಲ್ಲ.

"ತೆಗೀರಿ ಬಾಗಿಲು. ಬೇಡ ಅಂದ್ರೆ ಹೋಗೋಳಲ್ಲ ನಾನು. ಮೊದಲು ತೆಗೀರಿ."

ಅಷ್ಟು ದೊಡ್ಡ ದನಿ ಯಾರದೆಂದು ಟೀಚರಿಗೆ ಒಂದು ಗಳಿಗೆ ತಿಳಿಯಲಿಲ್ಲ. ಪಿಸುಮಾತಿನದೆಂದು ತಿಳಿದ ಮೇಲೆ ಅತ್ತ ಒಂದು ಹೆಜ್ಜೆ ಇಟ್ಟು ನಿಂತಳು. ನಲ್ಲಿಗೆ ಎದುರಿನ ಮನೆಯ ಮುಂದೆ ತುಂಬು ಬಸುರಿಯೊಬ್ಬಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಅವಳ ಕೈ ತಡೆಯಿತು. ದನಿ ಬಂದ ದಿಕ್ಕಿಗೆ ತುಸು ಹೊತ್ತು ಕಿವಿಗೊಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಒಳಗೆ ಹೋಗಿ, ಸದ್ದಾಗದಂತೆ ಚಿಲಕ ಹಾಕಿಕೊಂಡಳು. ಹಿಂಡಿದ ಬಟ್ಟೆಗಳಿದ್ದ ಬಕೆಟ್ಟು ಅಂಗಳದಲ್ಲೇ ಉಳಿಯಿತು.