ಒಂದು ಗೇಣಿನ ಕಾವು

ಆಶಾರಾಣಿಗೆ ತವರು ಅಂದರೆ ನಾಲೆಯ ಆಚೆ ದಡ, ಅಷ್ಟೇ. ಗಂಡನ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಕತ್ತೆತ್ತಿದರೆ ನವಿಲುಕೊಪ್ಪಲಿನ ತೆಂಗಿನ ಮರಗಳು, ಅವುಗಳ ನಡುವೆ ಅವ್ವನ ಮನೆಯ ಹೆಂಚು ಕಾಣುತ್ತಿತ್ತು. ಕಾಣುವುದಕ್ಕೇನು, ಚಂದ್ರನೂ ಕಾಣುತ್ತಾನೆ. ಹೋಗುವ ಹಾಗಿರಲಿಲ್ಲ.

ನವಿಲುಕೊಪ್ಪಲು ನಂಜನಗೂಡು ತಾಲ್ಲೂಕಿಗೆ ಸೇರಿದ್ದು, ಅವಳು ಸೊಸೆಯಾಗಿ ಬಂದ ಹುಣಸೆಪುರ ತಿ. ನರಸೀಪುರಕ್ಕೆ. ನಡುವಿನ ನಾಲೆಗೆ ತಾಲ್ಲೂಕಿನ ಗೊಡವೆ ಇಲ್ಲ. ಮೇಲಿನ ನವಿಲುಕೊಪ್ಪಲಿನವರು ಹೊತ್ತಲ್ಲದ ಹೊತ್ತಿನಲ್ಲಿ ತೂಬು ಎತ್ತಿದರೆ ಕೆಳಗಿನ ಹುಣಸೆಪುರದವರ ಗದ್ದೆಗೆ ನೀರಿಲ್ಲ. ಎರಡು ವರ್ಷದ ಹಿಂದೆ ಅದೇ ತೂಬಿನ ಹತ್ತಿರ ಮಾತಿಗೆ ಮಾತು ಬೆಳೆದು, ಆಶಾರಾಣಿಯ ಅಣ್ಣ ರಾಜೇಂದ್ರ ಬೀಸಿದ ಮಚ್ಚಿಗೆ ಅವಳ ಭಾವನ ಬಲಗೈ ಬೆರಳುಗಳು ಹೋದವು. ಹೊಡೆದವನು ಒಡಹುಟ್ಟಿದವನು, ಹೊಡೆಸಿಕೊಂಡವನು ಗಂಡನ ಒಡಹುಟ್ಟಿದವನು. ಇನ್ನು ಅವಳ ಪಾಡು ಕೇಳಬೇಕೆ? ನಮ್ಮ ಮನೆಯ ಹೆಣ್ಣುಮಕ್ಕಳು ನಾಲೆ ದಾಟಕೂಡದು ಎಂದು ಮಾವ ಕಟ್ಟಪ್ಪಣೆ ಮಾಡಿದರು. ಆಚೆಯವರೂ ಹಾಗೇ ಮಾಡಿದರು. ಅವ್ವ ರಾಮಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸದು. ಸೊಂಟ ಮುರಿದ ಮೇಲೆ ಮುದುಕಿ ಹೊಸಲು ದಾಟಿದವಳಲ್ಲ, ಪೇಟೆಯಲ್ಲೋ ಆಸ್ಪತ್ರೆಯಲ್ಲೋ ಕದ್ದು ನೋಡೋಣವೆಂದರೆ ಅದೂ ಇಲ್ಲ. ಆಶಾರಾಣಿ ಹೆಂಚು ನೋಡಿಕೊಂಡು ಬಟ್ಟೆ ಹಿಂಡುತ್ತಿದ್ದಳು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು.

ಈ ಸಲ ನಾಲೆಗೆ ನೀರು ಬಿಡುವ ಮುಂಚೆ ಎರಡೂ ಊರಲ್ಲಿ ಮಚ್ಚು ಮಸೆಯುವ ಸದ್ದು ಎದ್ದಿತು. ಕಬ್ಬಿಗಾಗಿ ಮಸೆಯುತ್ತಿಲ್ಲ ಎಂದು ಎಲ್ಲರಿಗೂ ಗೊತ್ತು. ಎರಡೂ ಊರಿನ ಹುಡುಗರಿಗೆ ಪಾಠ ಹೇಳಿ, ರಿಟೈರಾಗಿ ಹದಿನಾರು ಎಂಬ ಊರಿನಲ್ಲಿದ್ದ ಚಂದ್ರಶೇಖರ ಮೇಷ್ಟ್ರು ಹಿರಿಯರನ್ನು ತಮ್ಮ ಜಗಲಿಗೆ ಕರೆಸಿದರು.

"ಟೀವೀಲಿ ನೋಡಿಲ್ವೇನ್ರಯ್ಯ?" ಎಂದರು ಮೇಷ್ಟ್ರು. "ಆ ದೇಶದೋರು ಬಾಂಬ್ ಮಾಡ್ತಾವ್ರೆ ಅಂತ ಈ ದೇಶದೋರಿಗೆ ಗುಮಾನಿ ಬಂದ್ರೆ, ಮೊದಲು ಜನ ಕಳಿಸಿ ನೋಡಿಸ್ತಾರೆ. ನೋಡಿ ಬಂದೋರ ಮಾತು ಕೇಳಿದ ಕಡೆ ಜನ ಬದುಕ್ಕೊಂಡ್ರು. ಕೇಳದೆ ನುಗ್ಗಿದ ಕಡೆ ಏನಾಯ್ತು ಅಂತ ನಾನು ಹೇಳ್ಬೇಕಾ?"

"ನಮ್ಮೂರಲ್ಲಿ ಬಾಂಬ್ ಎಲ್ಲೈತೆ ಸಾ?" ಎಂದ ಹುಣಸೆಪುರದ ಸಣ್ಣಯ್ಯ.

"ಮಚ್ಚೈತಲ್ಲಪ್ಪ."

"ಮಚ್ಚಿಲ್ದೆ ಕಬ್ಬ ಹಲ್ಲಲ್ಲಿ ಕಡಿಯಾಣವಾ?" ಎಂದು ನವಿಲುಕೊಪ್ಪಲಿನ ಮಹದೇವಯ್ಯ ತನ್ನ ಉಳಿದ ಹಲ್ಲುಗಳನ್ನು ತೋರಿಸಿದ. ಎರಡು ವರ್ಷದಲ್ಲಿ ಮೊದಲ ಸಲ ಎರಡೂ ಊರಿನವರು ಒಟ್ಟಿಗೆ ನಕ್ಕರು.

ನಕ್ಕ ಮೇಲೆ ಜಟಾಪಟಿ ಶುರುವಾಯಿತು. ಯಾವುದು ಕಬ್ಬಿನ ಮಚ್ಚು, ಯಾವುದು ಮನುಷ್ಯರ ಮಚ್ಚು? ಕಬ್ಬಿಣ ಒಂದೇ, ಕುಲುಮೆಯೂ ಒಂದೇ. ಮಧ್ಯಾಹ್ನದವರೆಗೆ ಕಚ್ಚಾಡಿ ಕಡೆಗೆ ಮಚ್ಚಿನ ಕಾವಿನ ಮೇಲೆ ಒಪ್ಪಂದಕ್ಕೆ ಬಂದರು. ಹಿಡಿಯುವ ಕಾವು ಒಂದು ಗೇಣಿದ್ದರೆ ಅದು ಬೇಸಾಯದ್ದು. ಗೇಣಿಗಿಂತ ಉದ್ದವಿದ್ದರೆ ದೂರದಿಂದ ಬೀಸುವುದಕ್ಕೆ ಮಾಡಿದ್ದು. ನೀರಿನ ಪ್ರತಿ ಸರದಿಗೂ ಮುಂಚೆ ಈ ಊರಿನ ಒಬ್ಬ ಗಂಡಸು, ಒಬ್ಬಳು ಹೆಂಗಸು ಆ ಊರಿನ ಮನೆಗಳನ್ನು ನೋಡಬೇಕು, ಅವರು ಬಂದು ಇಲ್ಲಿ ನೋಡಬೇಕು. ಅಡುಗೆಮನೆ, ಕೋಣೆಗೆ ಹೆಂಗಸು ಮಾತ್ರ. ಕೂರುವಂತಿಲ್ಲ, ನೀರು ಕೂಡ ಕುಡಿಯುವಂತಿಲ್ಲ. ಎರಡು ಸಲ ಏನೂ ಸಿಗದ ಮನೆಗೆ ಮತ್ತೆ ಕಾಲಿಡುವಂತಿಲ್ಲ. ಉದ್ದ ಕಾವಿನದು ಒಂದು ಸಿಕ್ಕಿತೋ, ಮಾತು ಮುರಿದಂತೆ.

ಹುಣಸೆಪುರದಿಂದ ಆಶಾರಾಣಿ ಹೋಗಲಿ ಎಂದು ಸಣ್ಣಯ್ಯನೇ ಹೇಳಿದಾಗ ಅವಳ ಮಾವ ಕೆರಳಿದರು. "ಆ ಊರ ಎಣ್ಣನ್ನೇ ಕಳಿಸಾದಾ? ಬೇಲಿನೇ ಎದ್ದು ಒಲ ಮೇಯ್ದಂಗಾಯ್ತದೆ!"

"ಆ ಊರ ಅಟ್ಟ ಯಾವ್ದು, ಮೂಲೆ ಯಾವ್ದು ಅಂತ ಇನ್ಯಾರ್ಗೆ ಗೊತ್ತೈತೆ?" ಎಂದ ಸಣ್ಣಯ್ಯ.

"ಓಗ್ಲಿ ಬುಡಪ್ಪ," ಎಂದ ಅವಳ ಗಂಡ ಪ್ರಸಾದ, ನೆಲ ನೋಡುತ್ತ. "ಅವ್ವನ್ನ ಕಣ್ಣಲ್ಲಾದ್ರೂ ನೋಡ್ಕಂಡ್ ಬರ್ಲಿ."

ಇದ್ದದ್ದನ್ನು ಮುಚ್ಚಿಡುವುದಿಲ್ಲ ಎಂದು ಅವಳಿಂದ ನಂಜುಂಡೇಶ್ವರನ ಮೇಲೆ ಆಣೆ ಹಾಕಿಸಿದರು. ಆ ಗಳಿಗೆಯಲ್ಲಿ ಏಳು ಕೆರೆ ನೀರು ಕುಡಿ ಎಂದಿದ್ದರೂ ಆಶಾರಾಣಿ ಕುಡಿಯುತ್ತಿದ್ದಳು.

ಮೊದಲ ಸರದಿಯ ತಪಾಸಣೆಯಲ್ಲಿ ಅವ್ವ ಹಿಡಿದ ಕೈ ಬಿಡಲೇ ಇಲ್ಲ. ಮಗಳ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಅವ್ವ. ಹಾಗೇ ಕೋಣೆ, ಬಚ್ಚಲು, ಅಟ್ಟದ ಕೆಳಗೆಲ್ಲ ಓಡಾಡಿದರು. "ಸೊರಗೋಗಿದ್ದೀಯಲ್ಲವ್ವ, ಅನ್ನ ಇಕ್ತಾರೋ ಇಲ್ವೋ?" ಎಂದು ಮುದುಕಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹುಣಸೆಪುರದಿಂದ ಅವಳ ಜೊತೆ ತಪಾಸಣೆಗೆ ಬಂದು ಅಂಗಳದಲ್ಲಿ ನಿಂತಿದ್ದ ನಟರಾಜ್ ನಕ್ಕುಬಿಟ್ಟ. ಕಿವಿ ಕೇಳದವರ ಹತ್ತಿರ ಗುಟ್ಟು ಹೇಳುವುದೂ ತಮಟೆ ಬಾರಿಸುವುದೂ ಒಂದೇ. ಮನೆಯಲ್ಲಿ ಏನೂ ಸಿಗಲಿಲ್ಲ. ಆ ಸರದಿಯ ನೀರು ತಂಟೆಯಿಲ್ಲದೆ ಹರಿಯಿತು, ಹುಣಸೆಪುರದ ಕೊನೆಯ ಗದ್ದೆಯೂ ನೆನೆಯಿತು. ಆಶಾರಾಣಿ ಮಾತ್ರ ಮುಂದಿನ ಸರದಿಯನ್ನು ಒಳಗೊಳಗೇ ಹಂಬಲಿಸಿದಳು, ಒಳಗೊಳಗೇ ಹೆದರಿದಳು. ಇನ್ನೊಂದು ಸಲ ಏನೂ ಸಿಗದಿದ್ದರೆ ತವರಿನ ಬಾಗಿಲು ಮತ್ತೆ ಮುಚ್ಚಿತು.

ಎರಡನೆಯ ಸಲ ಹೋದಾಗ ಅವ್ವ ಕೌದಿಯ ಮೇಲೆ ಕೂತಿದ್ದಳು. ಮುಖದಲ್ಲಿ ಏನೋ ಕಳ್ಳ ನಗು. ಮಾತಾಡದೆ ಗೋಡೆಯ ಮೂಲೆಯ ಭತ್ತದ ದೊಡ್ಡ ಗುಡಾಣದ ಕಡೆಗೆ ಗಲ್ಲ ಎತ್ತಿ ತೋರಿಸಿದಳು. ಆಶಾರಾಣಿ ಅದರ ಹಿಂದೆ ಟಾರ್ಚು ಬಿಟ್ಟಳು. ಕಬ್ಬಿನ ಮಚ್ಚು, ಅದಕ್ಕೆ ಮಾರುದ್ದದ ಕಾವು!

ಅಣ್ಣ ಮತ್ತೆ ಮನೆ ಹಾಳು ಮಾಡುತ್ತಿದ್ದಾನೆ ಎಂದುಕೊಂಡೇ ಅದನ್ನು ಈಚೆಗೆ ಎಳೆದಳು. ಮುರುಕು ಗುದ್ದಲಿಯ ಕಾವು ಅದು. ಮಚ್ಚಿನ ಗಿಡ್ಡ ಹಿಡಿಗೆ ಅದನ್ನು ಹಳೇ ಸೀರೆಯ ಅಂಚಿನಿಂದ ಸುತ್ತಿ ಕಟ್ಟಿತ್ತು. ಒಂದು ಏಟು ಬೀಸಿದರೆ ಕಳಚಿಬೀಳುವ ಕಟ್ಟು, ಕರುವಿನ ಹಗ್ಗಕ್ಕೆ ಅವ್ವ ಹಾಕುವ ಗಂಟು. ಆಶಾರಾಣಿ ತಿರುಗಿ ನೋಡಿದಳು. ಏನೂ ಸಿಗದಿದ್ದರೆ ಮಗಳು ಮತ್ತೆ ಬರುವುದಿಲ್ಲ ಎನ್ನುವಷ್ಟು ಮುದುಕಿಯ ತಲೆಗೆ ಹೋಗಿತ್ತು. ಸಿಕ್ಕರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ಈಗ ಬತ್ತೀಯ—" ಎಂದು ಅವ್ವ ಬಾಯಿ ತೆರೆದಳು. ಆಶಾರಾಣಿ ಹಾರಿ ಆ ಬಾಯಿಗೆ ಅಂಗೈ ಒತ್ತಿದಳು.

"ಏನಾರ ಸಿಕ್ತಾ ತಂಗಿ?" ನಟರಾಜ್ ಅಂಗಳದಿಂದ ಕೂಗಿದ. ಅವನ ಪಕ್ಕದಲ್ಲೇ ಮಹದೇವಯ್ಯನೂ ಇದ್ದ.

"ನೋಡ್ತಾ ಇವ್ನಿ, ತಡ್ಯಣ್ಣ!"

ಸುಳ್ಳೇಕೆ, ಆಗ ಅವಳಿಗೆ ಆಸೆಯಾಯಿತು. ಮಚ್ಚನ್ನು ತೋರಿಸುವುದು ಬೇಡ. 'ಯಾಕೋ ಅನುಮಾನ ಐತೆ, ಇನ್ನೊಂದ್ಸಲ ನೋಡ್ಬೇಕು' ಎಂದರೆ ಸಾಕು, ಮುಂದಿನ ಸರದಿಗೂ ಈ ಕೈ ಹಿಡಿಯಬಹುದು, ಈ ಸೀರೆಯ ಹೊಗೆವಾಸನೆ ಮೂಸಬಹುದು. ಹೆತ್ತವಳನ್ನು ನೋಡುವುದಕ್ಕೆ ಅಷ್ಟೂ ಸುಳ್ಳು ಹೇಳಬಾರದೆ? ಆದರೆ ಬೆರಳು ಕಳೆದುಕೊಂಡ ಭಾವ ಕಾಯುತ್ತಿದ್ದುದೂ ಆ ಒಂದು ಮಾತಿಗೇ. ರಾಜೇಂದ್ರನ ಮನೆಯ ಮೇಲೆ ಅನುಮಾನ ಎಂದರೆ ಸಾಕು, ಮಚ್ಚು ಇದ್ದರೇನು, ಇಲ್ಲದಿದ್ದರೇನು, ಹುಣಸೆಪುರ ಎದ್ದು ಬರುತ್ತಿತ್ತು.

ಬಾಯಲ್ಲಿ ಹೇಳುವಂತಿರಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅಣ್ಣನ ಅಂಗಿಯನ್ನು ತೋರಿಸಿದಳು. ತನ್ನ ಕೊರಳಿನ ತಾಳಿಯನ್ನು ಎತ್ತಿ ತೋರಿಸಿದಳು. ಮಚ್ಚನ್ನು ತೋರಿಸಿ, ಅಂಗೈಯನ್ನು ಕತ್ತಿನ ಮೇಲೆ ಅಡ್ಡ ಎಳೆದಳು. ಮತ್ತೆ ಅಂಗಿ, ಮತ್ತೆ ತಾಳಿ. ಅವ್ವನ ನಗು ಮೆಲ್ಲಗೆ ಇಳಿಯಿತು. ಆಮೇಲೆ ಮಚ್ಚನ್ನು ತೊಡೆಯ ಮೇಲೆಳೆದುಕೊಂಡು, ತಾನೇ ಗಂಟು ಬಿಚ್ಚಿದಳು. ಗುದ್ದಲಿ ಕಾವನ್ನು ಊರಿಕೊಂಡು ಬಚ್ಚಲಿಗೆ ಹೋಗಿ, ಉರಿಯುತ್ತಿದ್ದ ಹಂಡೆಯ ಒಲೆಗೆ ಅದನ್ನು ತಳ್ಳಿದಳು. ಇಬ್ಬರೂ ಅದಕ್ಕೆ ಬೆಂಕಿ ಹತ್ತುವವರೆಗೆ ನಿಂತು ನೋಡಿದರು. ಇದ್ದದ್ದನ್ನು ಮುಚ್ಚಿಡುವುದಿಲ್ಲ ಎಂದಲ್ಲವೆ ಆಣೆ? ಈಗ ಇರಲಿಲ್ಲ. ನಂಜುಂಡ ಇಷ್ಟಕ್ಕೂ ಮುನಿದರೆ ಮುನಿಯಲಿ ಎಂದುಕೊಂಡಳು ಆಶಾರಾಣಿ.

ಹೊರಗೆ ಬಂದು, "ಏನೂ ಇಲ್ಲ ಕಣಣ್ಣ," ಎಂದಳು.

ಮಹದೇವಯ್ಯ ಹಿಡಿದಿದ್ದ ಉಸಿರು ಬಿಟ್ಟ. "ಹಂಗಾರೆ ಈ ಮನೆ ಮುಗೀತು," ಎಂದ ನಟರಾಜ್.

ಹಿಂದೆ ಗೋಡೆ ಹಿಡಿದು ಬರುವ ಸಪ್ಪಳವಾಯಿತು. ರಾಮಮ್ಮ ಹೊಸಲಿನ ಮೇಲೆ ನಿಂತು, ಮಗಳ ಕಡೆಗೆ ನೋಡದೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ನೋಡಿದ್ರಲ್ಲಪ್ಪ, ನಮ್ಮನೇಲಿ ಏನೂ ಇಲ್ಲ! ಇನ್ನು ಯಾರೂ ಬರಬ್ಯಾಡಿ ನಮ್ಮನೆಗೆ!"

"ಮುದುಕಿಗೆ ಏನ್ ಕ್ವಾಪ ನೋಡು," ಎಂದು ನಟರಾಜ್ ಗೊಣಗಿದ.

ಆಶಾರಾಣಿ ತಿರುಗಿಯೂ ನೋಡಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು, "ತಪಾಸಣೆಗೆ ಬಂದಿವ್ನಿ ಕಣವ್ವ, ಒಳಕ್ಕೆ ಬರ್ಲಾ?" ಎಂದು ಕೇಳಿದಳು.