ಆಯುಧಪೂಜೆಗೆ ಕೂತ ಹಾರುಮೀನು

ಹಾರುಮೀನು ಎಂಬ ಆಟವನ್ನು ಈ ಭೂಮಿಯ ಮೇಲೆ ಸರಿಯಾಗಿ ಅರ್ಥ ಮಾಡಿಕೊಂಡವನು ನಾನೊಬ್ಬನೇ. ಅದನ್ನು ಮಾಡಿದ ಜಪಾನಿನವರಿಗೂ ಪೂರ್ತಿ ಅರ್ಥವಾಗಿರಲಿಲ್ಲವೆಂದು ನನ್ನ ಗುಮಾನಿ. ಆಗಿದ್ದರೆ ಅದರ ಕ್ಯಾಸೆಟ್ಟು ಬೆಂಗಳೂರಿನ ಫುಟ್‌ಪಾತಿನಲ್ಲಿ ಬಾಚಣಿಗೆಗಳ ನಡುವೆ ಅನಾಥವಾಗಿ ಬಿದ್ದಿರುತ್ತಿರಲಿಲ್ಲ. ಅಲ್ಲಿಂದ ಅದನ್ನು ಉದ್ಧಾರ ಮಾಡಿ ಹಾರನಹಳ್ಳಿಗೆ ತಂದವನು ನಾನು. ಇದಕ್ಕಾಗಿ ಊರಿನವರು ನನ್ನನ್ನು ಮೆರವಣಿಗೆ ಮಾಡಬೇಕಿತ್ತು. ಮಾಡಲಿಲ್ಲ.

ಆಗ ಎರಡು ಸಾವಿರದ ಎರಡನೇ ಇಸವಿ. ಸಂಜೆ ಹೊತ್ತು ಕೇಬಲ್ ಟೀವಿಯಲ್ಲಿ ಒಂದು ಜಪಾನೀ ಕಾರ್ಟೂನ್ ಧಾರಾವಾಹಿ ಹಿಂದಿಯಲ್ಲಿ ಬರುತ್ತಿತ್ತು. ಕೆಂಪು ಕೂದಲಿನ ಹುಡುಗಿಯೊಬ್ಬಳು ಕಬ್ಬಿಣದ ಮೀನಿನ ಬೆನ್ನೇರಿ ಆಕಾಶದಲ್ಲಿ ಹಾರುತ್ತ, ಮೋಡ ಕದಿಯುವ ಯಂತ್ರಗಳ ಮೇಲೆ ಯುದ್ಧ ಮಾಡುವ ಕಥೆ. ಅದನ್ನೇ ಇಟ್ಟುಕೊಂಡು ಮಾಡಿದ ಗುಂಡು ಹಾರಿಸುವ ಆಟ ಇದು. ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿಗೆ ಕ್ಯಾಸೆಟ್ ಸಿಕ್ಕಿಸಿದರೆ ಕಡಲೆಬೀಜದಷ್ಟು ಮೀನು, ಪರದೆಯ ತುಂಬ ಜಡಿಮಳೆಯಂತೆ ಗುಂಡು. ಕ್ಯಾಸೆಟ್ಟಿನ ಮೇಲಿದ್ದ ಹೆಸರು ಜಪಾನಿ ಅಕ್ಷರದಲ್ಲಿತ್ತಾದ್ದರಿಂದ ಹಾರುಮೀನು ಎಂದು ನಾಮಕರಣ ಮಾಡಿದವನೂ ನಾನೇ. ನಾನು ಆಡುವ ವೇಗಕ್ಕೆ ಗುಂಡಿಗಳಿಂದ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಕೂತವರು ಬೀಡಿ ಹಚ್ಚಿಕೊಳ್ಳಬಹುದಿತ್ತು.

ಇಂತಹ ಆಟವನ್ನು ಡಬ್ಬಾ ಎಂದವನು ಇಂದುಧರ. ಬೇಲೂರಿನ ನನ್ನ ಸೋದರತ್ತೆಯ ಮಗ, ನನ್ನ ಹಾಗೆಯೇ ಪಿಯುಸಿ. ಅವನ ಹತ್ತಿರವೂ ಗೇಮಿತ್ತು. ಆದರೆ ಲೋಕವೆಲ್ಲ ಆಡುವ, ಎಗರಿ ಎಗರಿ ಕಾಸು ಹೆಕ್ಕುವ ಕ್ಯಾಸೆಟ್ಟನ್ನೇ ಹಾಕಿಕೊಂಡು ತಾನೇ ಪಂಡಿತನೆಂದು ತಿರುಗುತ್ತಿದ್ದ.

"ಕಾರ್ಟೂನ್ ಹೆಸರಲ್ಲಿ ಮಾಡಿರೋ ಗೇಮ್ ಎಲ್ಲಾ ಹಿಂಗೇ ಕಣೋ ಶಿವು," ಅಂದಿದ್ದ ಬೇಸಿಗೆ ರಜದಲ್ಲಿ. "ಸ್ಟಿಕ್ಕರ್ ನೋಡಿ ಜನ ತಗೋತಾರೆ ಅಂತ ಮಾಡಿರೋದು. ನಿನ್ನ ಮೀನಿಗೆ ಕೊನೇ ಸ್ಟೇಜೇ ಇಲ್ಲ. ಮಾಡೋರಿಗೇ ಬೇಜಾರಾಗಿ ಅರ್ಧಕ್ಕೆ ಎದ್ದೋಗಿದಾರೆ."

ನನ್ನ ರಕ್ತ ಎಷ್ಟು ಕುದಿಯಿತೆಂದರೆ ಅಮ್ಮ ಅದರಲ್ಲೇ ಕಾಫಿ ಕಾಸಬಹುದಿತ್ತು. ಪಂಥವಾಯಿತು. ಆಯುಧಪೂಜೆಗೆ ಅವನು ನಮ್ಮ ಮನೆಗೆ ಬಂದಾಗ ನಾನು ಆಟದ ಕೊನೆಯನ್ನು ತೋರಿಸಬೇಕು. ತೋರಿಸಿದರೆ ಅವನು ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ, ತನ್ನ ಗೆಳೆಯರ ಎದುರು, ಹಾರುಮೀನಿನಂಥ ಆಟ ಇನ್ನೊಂದಿಲ್ಲ ಎನ್ನಬೇಕು. ತೋರಿಸದಿದ್ದರೆ ಅದೇ ಜಾಗದಲ್ಲಿ ನಿಂತು ಡಬ್ಬಾ ಎನ್ನಬೇಕಾದವನು ನಾನು.

ಹಬ್ಬದ ದಿನ ಬೆಳಿಗ್ಗೆ ಕೊನೆಯ ಸ್ಟೇಜಿಗೆ ಮುಟ್ಟಿದೆ. ಎದುರಿಗೆ ಮೋಡ ಕದಿಯುವವರ ಮಹಾಯಂತ್ರ, ಅರಸೀಕೆರೆ ಜಂಕ್ಷನ್ನನ್ನು ರೈಲುಗಳ ಸಮೇತ ನುಂಗುವಂಥದ್ದು. ನನ್ನ ಹತ್ತಿರ ಉಳಿದಿದ್ದು ಒಂದೇ ಜೀವ. ಈ ಆಟ ಎಲ್ಲಿಗೆ ಬಂದಿತ್ತೆಂಬುದನ್ನು ನೆನಪಿಡುವುದಿಲ್ಲ. ಆರಿಸಿದರೆ ಮೊದಲಿನಿಂದ ಶುರು. ಅಷ್ಟರಲ್ಲಿ ಹೊಲ ಉಳುವ ಟಿಲ್ಲರ್ ತೊಳೆಯಲು ಅಪ್ಪ ಅಂಗಳದಿಂದ ಕೂಗಿದರು. ಆಟವನ್ನು ತಡೆದು ನಿಲ್ಲಿಸಿ, ಗೋಡೆಗೂಡಿನಲ್ಲಿಟ್ಟು ಹೋದೆ.

ವಾಪಸು ಬಂದರೆ ಗೂಡು ಖಾಲಿ.

ನಡುಮನೆಯಲ್ಲಿ ಮಣೆಯ ಮೇಲೆ ಕುಡುಗೋಲು, ಮಚ್ಚು, ಕಾಯಿ ಸುಲಿಯುವ ಕಬ್ಬಿಣ, ಕೊಬ್ಬರಿ ತೂಗುವ ತಕ್ಕಡಿ. ಅವುಗಳ ನಡುವೆ ಮೂರು ಪಟ್ಟೆ ವಿಭೂತಿ, ಒಂದು ಬೊಟ್ಟು ಕುಂಕುಮ, ತಲೆಯ ಮೇಲೆ ಸೇವಂತಿಗೆ ಧರಿಸಿ ನನ್ನ ಗೇಮು ಕೂತಿತ್ತು. ಪಕ್ಕದಲ್ಲಿ ಕರ್ಪೂರ ಬೆಳಗಿ ಅಜ್ಜಿ ದ್ರಾಕ್ಷಾಯಣಮ್ಮ ಆಗತಾನೇ ಏಳುತ್ತಿದ್ದಳು.

"ಅಜ್ಜಿ, ಅದ್ಯಾಕೆ ಅಲ್ಲಿಟ್ಟೆ?"

"ಅದರೊಳಗೆ ಒಂದು ಪಟಾಲಮ್ಮಿನಷ್ಟು ಬಂದೂಕ ಅವೆ ಅಂತ ನೀನೇ ತಾನೇ ಹೇಳಿದ್ದು? ಬಂದೂಕ ಅಂದ್ಮೇಲೆ ಆಯುಧ ಅಲ್ವಾ?"

"ಕೊಡು ಇಲ್ಲಿ."

"ಪೂಜೆ ಆಗೈತೆ ಕಣಪ್ಪ. ನಾಳೆ ಬೆಳಿಗ್ಗೆ ಎತ್ತೋತಂಕ ಮುಟ್ಟಂಗಿಲ್ಲ."

ಗೇಮಿನ ದೀಪ ಹಸಿರಿನಿಂದ ಕೆಂಪಿಗೆ ತಿರುಗಿತ್ತು. ಸೆಲ್ ಸಾಯುತ್ತಿದೆ ಎಂದು ಅದರರ್ಥ. ಬದಲಾಯಿಸಲು ಸೆಲ್ ತೆಗೆದರೂ ಆಟ ಅಳಿಸಿಹೋಗುತ್ತದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಇಂದುಧರ ಚಪ್ಪಲಿ ಬಿಡುತ್ತಿದ್ದ. ಮಣೆಯ ಮೇಲಿನ ದೃಶ್ಯ ನೋಡಿದ್ದೇ ಅವನ ಮುಖ ಅರಳಿದ ಪರಿ ನೋಡಬೇಕಿತ್ತು.

"ಒಳ್ಳೇದಾಯ್ತು ಬಿಡೋ. ಡಬ್ಬಾ ಆದ್ರೂ ದೇವರ ಮುಂದೆ ಕೂತಿದೆ. ನಾಳೆ ಬೆಳಿಗ್ಗೆ ಅಂದ್ರೆ ನಾನಿರಲ್ಲ, ಮಧ್ಯಾಹ್ನದ ಬಸ್ಸಿಗೆ ಹೊರಟೆ."

ಅಂಗಳದಲ್ಲಿ ಟಿಲ್ಲರ್ ಶುರುವಾದ ಸದ್ದು ಕೇಳಿತು. ನಮ್ಮ ಮನೆಯ ಪದ್ಧತಿ ಹೇಳಿಬಿಡುತ್ತೇನೆ. ಆಯುಧವಾದರೆ ಪೂಜೆಯ ನಂತರ ಅಲುಗಾಡಬಾರದು. ಆದರೆ ಗಾಡಿ ಪೂಜೆಯಾದ ಕೂಡಲೇ ನಿಂಬೆಹಣ್ಣಿನ ಮೇಲೆ ಹಾಯ್ದು ಒಂದು ಸುತ್ತು ಓಡಲೇಬೇಕು. ಓಡದಿದ್ದರೆ ವರ್ಷವೆಲ್ಲ ಕೈಕೊಡುತ್ತದಂತೆ. ಮೊದಲು ಅದರ ಹ್ಯಾಂಡಲ್ ಹಿಡಿಯುವುದು ಅಜ್ಜಿ, ಆಮೇಲೆ ಅಪ್ಪ. ಅವಳು ಟಿಲ್ಲರನ್ನು ನಾಲ್ಕು ಹೆಜ್ಜೆ ನಡೆಸಿ ಸೆರಗಲ್ಲಿ ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ ನನ್ನ ವಾದ ಸಿದ್ಧವಾಗಿತ್ತು. ಹೈಕೋರ್ಟಿನ ವಕೀಲರು ಅದನ್ನು ಕೇಳಿದ್ದರೆ ಕರಿಕೋಟು ಬಿಚ್ಚಿ ನನಗೆ ಹೊದಿಸುತ್ತಿದ್ದರು.

"ಇದು ಆಯುಧ ಅಲ್ಲ ಅಜ್ಜಿ, ಗಾಡಿ. ಬಂದೂಕ ಇರೋದು ಮೀನಿಗೆ. ಮೀನನ್ನ ಓಡಿಸೋದು ಆ ಹುಡುಗಿ. ಪೊಲೀಸ್ ಜೀಪಲ್ಲೂ ಬಂದೂಕ ಇರುತ್ತೆ, ಅದು ಗಾಡಿ ಅಲ್ವಾ?"

"ಎಲ್ಲೈತೆ ಹುಡುಗಿ?" ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. ಪರದೆಯ ಮೂಲೆಯಲ್ಲಿ ಕೆಂಪು ಕೂದಲಿನವಳ ಮುಖ ಕಂಡಿತು. "ಅಯ್ಯೋ, ಹೌದು ಕಣ್ಲಾ. ಹಾಲು ಕುಡಿಯೋ ಮಗು ಇದ್ದಂಗವಳೆ. ಒಬ್ಳೇ ಬಿಟ್ಟು ಬಂದವ್ರಾ?"

"ಅಜ್ಜಿ, ಇವನು ಸುಳ್ಳು ಹೇಳ್ತಾನೆ," ಎಂದ ಇಂದುಧರ. "ಚಕ್ರ ಇಲ್ದೇ ಇರೋದು ಯಾವ ಗಾಡಿ?"

"ದೋಣಿಗೆ ಚಕ್ರ ಐತೇನ್ಲಾ? ಸುಮ್ನಿರು."

ಅಜ್ಜಿ ಎರಡು ನಿಂಬೆಹಣ್ಣು ತಂದು ಗೇಮಿನ ಮುಂದಿಟ್ಟಳು. ನಾನು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿ, ಯಂತ್ರವನ್ನು ನಿಂಬೆಹಣ್ಣಿನ ಮೇಲೆ ಉರುಳಿಸಿ, ನಡುಮನೆಯ ಜಗಲಿಯ ಮೇಲೆ ಕೂತು, ತನ್ನ ಮಡಿಲಿಗೇ ಎಳೆದುಕೊಂಡಳು.

"ಗಾಡಿ ಅಂದೆ ತಾನೇ? ಮೊದಲ ಸುತ್ತು ನಂದು."

ಹೀಗೂ ಒಂದು ಅನ್ಯಾಯ ಇರುತ್ತದೆಯೇ? ಟೀವಿಯ ರಿಮೋಟನ್ನು ತಲೆಕೆಳಗು ಹಿಡಿಯುವ ಎಪ್ಪತ್ತು ದಾಟಿದ ಮುದುಕಿಯ ಕೈಯಲ್ಲಿ ನನ್ನ ಕೊನೆಯ ಜೀವ. ಕಾಲಿಗೆ ಬೀಳುವುದೊಂದು ಬಾಕಿ. ಅದನ್ನೂ ಮಾಡಿದೆ. ಅವಳು ಆಶೀರ್ವಾದ ಮಾಡಿ, "ಎಲ್ಲಿ ಒತ್ತಬೇಕು ಹೇಳು," ಅಂದಳು. ಕೆಂಪು ದೀಪ ಮಂಕಾಗುತ್ತಿತ್ತು. ನಿಲ್ಲಿಸಿದ್ದನ್ನು ಬಿಡಿಸುವ ಗುಂಡಿ ತೋರಿಸಿದೆ.

ಮಹಾಯಂತ್ರ ಒಮ್ಮೆಗೇ ಗುಂಡು ಉಗುಳಿತು.

"ಸರಿ ಅಜ್ಜಿ, ಪಕ್ಕಕ್ಕೆ ಸರಿ. ಎಡಕ್ಕೆ, ಎಡಕ್ಕೆ."

"ಜಗಲೀಲಿ ಜಾಗ ಎಲ್ಲೈತೆ ಸರಿಯಾಕೆ?" ಎನ್ನುತ್ತ ಅವಳು ತಾನೇ ಎಡಕ್ಕೆ ಸರಿದು ಕೂತಳು. ಮೀನು ಇದ್ದಲ್ಲೇ ಇತ್ತು. ಕೊಬ್ಬರಿ ಗಿಟುಕನ್ನು ಹಿಡಿಯುವಂತೆ ಯಂತ್ರವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಅವಳ ಬಲಗೈ ಹೆಬ್ಬೆರಳು ಎರಡು ಗುಂಡಿಗಳನ್ನೂ ಒಟ್ಟಿಗೇ ಮುಚ್ಚಿಕೊಂಡಿತ್ತು. ನಾನು ಕಣ್ಣು ಮುಚ್ಚಿದೆ. ಬೇಲೂರಿನ ಬಸ್ ಸ್ಟ್ಯಾಂಡು ಕಣ್ಣ ಮುಂದೆ ಬಂತು.

"ಬಾಯಿ ಬಿಡ್ತು ನೋಡ್ಲಾ ಮೀನು," ಎಂದಳು ಅಜ್ಜಿ.

ಕಣ್ಣು ತೆರೆದೆ. ಕಡಲೆಬೀಜದಷ್ಟಿದ್ದ ಮೀನು ಅಲುಗಾಡದೆ ನಿಂತು, ಬಾಯಿ ಅಗಲಿಸಿ, ಬಂದ ಗುಂಡುಗಳನ್ನೆಲ್ಲ ನುಂಗುತ್ತಿತ್ತು. ನುಂಗಿದಷ್ಟೂ ಉಬ್ಬುತ್ತಿತ್ತು. ಹಾರಾಡದೆ ನಿಂತು ಎರಡೂ ಗುಂಡಿ ಒತ್ತಿ ಹಿಡಿದರೆ ಹೀಗಾಗುತ್ತದೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನಂಥ ವೀರನಿಗೆ ನಿಂತು ಆಡುವುದು ಶೋಭಿಸುವುದಿಲ್ಲವೆಂದು ಬಳಸಿರಲಿಲ್ಲ, ಅಷ್ಟೇ. ಅಜ್ಜಿಗೆ ಬೆರಳು ನೋವಾಗಿ ಕೈ ಸಡಿಲಿಸಿದಳು. ಮೀನು ನುಂಗಿದ್ದನ್ನೆಲ್ಲ ಒಂದೇ ಸಲಕ್ಕೆ ಕಕ್ಕಿತು. ಮಹಾಯಂತ್ರ ಪುಡಿಪುಡಿಯಾಗಿ ಉದುರಿತು, ಕದ್ದ ಮೋಡಗಳೆಲ್ಲ ಹೊರಬಂದವು, ಕೆಂಪು ಕೂದಲಿನವಳು ಮಳೆಯಲ್ಲಿ ನೆನೆಯುತ್ತ ಮನೆ ಬಾಗಿಲು ತಟ್ಟಿದಳು. ಯಾರೋ ಬಾಗಿಲು ತೆರೆದರು. ಪರದೆ ಆರಿತು.

"ಸದ್ಯ, ಮನೆ ಸೇರಿದ್ಲು," ಎಂದು ಅಜ್ಜಿ ಯಂತ್ರವನ್ನು ನನ್ನ ಕೈಗಿಟ್ಟು ಒಬ್ಬಟ್ಟು ಬೇಯಿಸಲು ಎದ್ದಳು.

ನಾನು ಇಂದುಧರನ ಕಡೆ ತಿರುಗಿ ಎದೆ ಉಬ್ಬಿಸಿದೆ. ಆ ಉಬ್ಬಿಗೆ ಅಂಗಿಯ ಗುಂಡಿ ಕಿತ್ತು ಹಾರಿ ದೀಪದ ಕಂಬಕ್ಕೆ ಬಡಿಯಿತು. "ಕೊನೇ ಸ್ಟೇಜ್ ನೋಡಿದೆಯಾ?"

"ನೋಡಿದೆ."

"ಮಾತು ಮಾತೇ ತಾನೇ?"

"ಮಾತೇ. ಬೇಲೂರಿಗೆ ಬಾ, ಹೇಳ್ತೀನಿ."

ಅವನು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಹೊಸ ಸೆಲ್ ಹಾಕಿಕೊಂಡು, ಟೆಂಪೋದಲ್ಲಿ ಅರಸೀಕೆರೆಗೆ, ಅಲ್ಲಿಂದ ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ಬೇಲೂರಿಗೆ ಅವನ ಜೊತೆಯೇ ಹೋದೆ. ಬಾಳೆಕಂದು ಕಟ್ಟಿದ ಬಸ್ಸು ವಿಜಯರಥದಂತೆ ಕಂಡಿತು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಹತ್ತಿರ ಅವನ ಗೆಳೆಯರ ಹಿಂಡೇ ಇತ್ತು. ಇಂದುಧರ ಕಟ್ಟೆ ಹತ್ತಿ ನಿಂತ.

"ಕೇಳ್ರಪ್ಪ. ಹಾರುಮೀನಿನಂಥ ಗೇಮ್ ಇನ್ನೊಂದಿಲ್ಲ. ನಮ್ಮಜ್ಜಿ ಜಗಲೀಲಿ ಕೂತ್ಕೊಂಡು, ಒಂದೇ ಸಲಕ್ಕೆ, ಕೈ ಅಲ್ಲಾಡಿಸ್ದೆ ಮುಗಿಸಿದ್ರು."

ನಗು ಯಗಚಿ ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. "ನಿಮ್ಮಜ್ಜಿಗೆ ಎರಡನೇ ಭಾಗ ತರಿಸಿಕೊಡೋ," ಎಂದ ಒಬ್ಬ. ಭೀಮರಾಜ್ ಎಂಬ ದಪ್ಪನೆಯವನು, "ತೊಟ್ಟಿಲ ಮಕ್ಕಳ ಗೇಮ್ ಇರ್ಬೇಕು," ಎಂದ.

ಅಂದರೆ ನೋಡಿ. ಕೊನೆ ಇಲ್ಲದಿದ್ದಾಗ ಡಬ್ಬಾ, ಕೊನೆ ಸಿಕ್ಕರೂ ಡಬ್ಬಾ. ಕೊಟ್ಟ ಮಾತಿನ ಒಂದಕ್ಷರವೂ ಬಿಡದೆ, ಬಾಲವೊಂದನ್ನು ಅಂಟಿಸಿ, ನನ್ನ ಆಟದ ಮಾನ ಕಳೆದಿದ್ದ. ನಾನು ಜೇಬಿನಿಂದ ಯಂತ್ರ ತೆಗೆದು ಭೀಮರಾಜನ ಕೈಗೆ ಕೊಟ್ಟೆ.

"ತೊಟ್ಟಿಲ ಮಕ್ಕಳದು ತಾನೇ? ಆಡಪ್ಪ."

ಮೊದಲ ಸ್ಟೇಜಿನ ಮೊದಲ ಕಾಗೆಯಂತ್ರಕ್ಕೇ ಅವನು ಸತ್ತ. ಕುಂಕುಮದಿಂದ ಗುಂಡಿ ಜಾರುತ್ತದೆ ಎಂದ. ಇನ್ನೊಬ್ಬ ಕಿತ್ತುಕೊಂಡ, ಅವನೂ ಸತ್ತ, ಬೆಳಕು ಸಾಲದು ಎಂದ. ಮೂರನೆಯವನು ಸಾಯುತ್ತ ಟೀ ಚೆಲ್ಲಿಕೊಂಡ. ಇಂದುಧರ ಎಲ್ಲರನ್ನೂ ತಳ್ಳಿ ತಾನೇ ಹಿಡಿದ. ಅವನ ಮೀನು ನೆಟ್ಟಗೆ ಹೋಗಿ ಗುಡ್ಡಕ್ಕೆ ಗುದ್ದಿತು.

"ಡಬ್ಬಾ ಗೇಮ್ ಕಣೋ," ಎಂದು ಅವನು ಹಲ್ಲು ಕಚ್ಚಿ ಮತ್ತೆ ಶುರು ಮಾಡಿದ.

"ಸಾಕು, ಕೊಡು. ಡಬ್ಬಾ ತಾನೇ?"

"ತಡಿಯೋ. ಇನ್ನೊಂದೇ ಸಲ."

"ಆಮೇಲೆ ನಂದು," ಎಂದ ಭೀಮರಾಜ್, ಅವನ ಹೆಗಲ ಮೇಲಿಂದ ಬಗ್ಗುತ್ತ. "ಏ, ಎಡಕ್ಕೆ ಹೋಗೋ, ಎಡಕ್ಕೆ."

ಬಸ್ ಸ್ಟ್ಯಾಂಡಿನ ದೀಪ ಹತ್ತಿತು. ಅರಸೀಕೆರೆಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು. ನನ್ನದೇ ಆಟವನ್ನು ಬಾಯ್ತುಂಬ ಬಯ್ಯುತ್ತ ಅಷ್ಟೂ ಜನ ಅದರ ಮೇಲೆ ಬಿದ್ದಿದ್ದರು. ನಾನು ಬಗ್ಗಿ, ಎಗರಿ, ಅವರ ಮೊಣಕೈಗಳ ಸಂದಿಯಲ್ಲಿ ತಲೆ ತೂರಿಸಿ ನೋಡಿದೆ. ಒಬ್ಬನೇ ಒಬ್ಬ ನನಗೆ ದಾರಿ ಬಿಡಲಿಲ್ಲ.